ಹತ್ತು ನಿಮಿಷಕ್ಕೆ ಅಂಕಣ ಬಿಟ್ಟ ಆಟಗಾರ: ಎನ್‌ಬಿಎ ಬೆಟ್ಟಿಂಗ್ ಪ್ರಕರಣದ ಪ್ರಶ್ನೋತ್ತರ

ನಿರ್ವಾಹಕರು: ಈ ಬಾರಿಯ ‘ವೃತ್ತಿಯವರನ್ನು ಕೇಳಿ’ ಮಾಲಿಕೆಯಲ್ಲಿ ಉತ್ತರಿಸುತ್ತಿರುವವರು ಹಾಸನ ಜಿಲ್ಲೆಯಿಂದ ಅಮೆರಿಕಕ್ಕೆ ಹೋಗಿ, ನ್ಯೂಜೆರ್ಸಿಯಲ್ಲಿ ಕಾನೂನುಬದ್ಧ ಬೆಟ್ಟಿಂಗ್ ಕಂಪನಿಯೊಂದರ ಬಾಸ್ಕೆಟ್‌ಬಾಲ್ ದರ ನಿಗದಿ ವಿಭಾಗದಲ್ಲಿ ಆರು ವರ್ಷ ದುಡಿದು ಈಗ ಆ ಕೆಲಸ ಬಿಟ್ಟಿರುವ ನಮ್ಮ ಸದಸ್ಯರು. ಯಾವ ತಂಡದ ಮೇಲೆ ಹಣ ಹಾಕಬೇಕೆಂಬ ಪ್ರಶ್ನೆಗಳನ್ನು ಅಳಿಸಲಾಗುವುದು.

ಪ್ರಶ್ನೆ (ದೈಹಿಕ ಶಿಕ್ಷಣ ಶಿಕ್ಷಕರು, ಮೈಸೂರು): ನಮಸ್ಕಾರ ಸರ್. 2025ರ ಅಕ್ಟೋಬರ್ 23ರಂದು ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಆಟಗಾರರೊಬ್ಬರನ್ನೂ ತರಬೇತುದಾರರೊಬ್ಬರನ್ನೂ ಎಫ್‌ಬಿಐ ಬಂಧಿಸಿದ ಸುದ್ದಿಯನ್ನು ಓದಿದೆ. ಅದೇ ರಾತ್ರಿ ಒಬ್ಬರು 55, ಇನ್ನೊಬ್ಬರು 50 ಅಂಕ ಗಳಿಸಿದರೆಂದೂ ಓದಿದೆ. ನಮಗೆ ಗೊತ್ತಿರುವ ಮ್ಯಾಚ್ ಫಿಕ್ಸಿಂಗ್ ಎಂದರೆ ಹಣ ಪಡೆದು ಸೋಲುವುದು. ಇಲ್ಲಿ ನಿಜವಾಗಿ ನಡೆದದ್ದೇನು?

ಉತ್ತರ: ನಮಸ್ಕಾರ ಮೇಷ್ಟ್ರೇ. ಇಲ್ಲಿ ಸೋಲು ಗೆಲುವಿನ ವಿಚಾರವೇ ಇಲ್ಲ. ಅಮೆರಿಕದಲ್ಲಿ ಇಂದು ಪಂದ್ಯದ ಫಲಿತಾಂಶದ ಮೇಲಷ್ಟೇ ಅಲ್ಲ, ಒಬ್ಬೊಬ್ಬ ಆಟಗಾರನ ಒಂದೊಂದು ಲೆಕ್ಕದ ಮೇಲೂ ಬಾಜಿ ಕಟ್ಟಬಹುದು. ಇಂಥವನು ಇಂದು ಇಪ್ಪತ್ತೂವರೆ ಅಂಕಕ್ಕಿಂತ ಹೆಚ್ಚು ಗಳಿಸುತ್ತಾನೆಯೇ, ಕಡಿಮೆ ಗಳಿಸುತ್ತಾನೆಯೇ, ಎಷ್ಟು ರೀಬೌಂಡ್ (ಬುಟ್ಟಿಗೆ ಬೀಳದೆ ಮರಳಿದ ಚೆಂಡು) ಹಿಡಿಯುತ್ತಾನೆ, ಎಷ್ಟು ಅಸಿಸ್ಟ್ (ಜೊತೆಗಾರನ ಅಂಕಕ್ಕೆ ದಾರಿಮಾಡುವ ಪಾಸ್) ಕೊಡುತ್ತಾನೆ ಎಂಬಂಥವು. ಇದಕ್ಕೆ ನಮ್ಮ ಕಚೇರಿಯಲ್ಲಿ ‘ಪ್ರಾಪ್’ ಎನ್ನುತ್ತಿದ್ದರು, ಹೆಚ್ಚು ಎಂದು ಕಟ್ಟಿದರೆ ‘ಓವರ್’, ಕಡಿಮೆ ಎಂದು ಕಟ್ಟಿದರೆ ‘ಅಂಡರ್’. 2010ರಲ್ಲಿ ಲಾರ್ಡ್ಸ್ ಟೆಸ್ಟಿನಲ್ಲಿ ಪಾಕಿಸ್ತಾನದ ಬೌಲರ್‌ಗಳು ಹೇಳಿಸಿಕೊಂಡ ಎಸೆತಕ್ಕೆ ಸರಿಯಾಗಿ ನೋಬಾಲ್ ಹಾಕಿದ್ದು ತಮಗೆ ನೆನಪಿರಬಹುದು. ಇದೂ ಆ ಜಾತಿಯದೇ.

ಬಂಧನದ ವೇಳೆ ಮಯಾಮಿ ಹೀಟ್ ತಂಡದಲ್ಲಿದ್ದ ಆಟಗಾರ ಟೆರಿ ರೋಜಿಯರ್ ಮೇಲಿನ ಆರೋಪ 2023ರ ಮಾರ್ಚ್ 23ರ ಪಂದ್ಯಕ್ಕೆ ಸಂಬಂಧಿಸಿದ್ದು. ಆಗ ಅವರು ಶಾರ್ಲಟ್ ಹಾರ್ನೆಟ್ಸ್ ತಂಡದಲ್ಲಿದ್ದರು, ಎದುರಾಳಿ ನ್ಯೂ ಆರ್ಲಿಯನ್ಸ್ ಪೆಲಿಕನ್ಸ್. ಆ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 21 ಅಂಕ ಗಳಿಸುತ್ತಿದ್ದ ಆಟಗಾರ ಅಂದು ಹತ್ತು ನಿಮಿಷ ತುಂಬುವ ಮೊದಲೇ ಕಾಲುನೋವೆಂದು ಅಂಕಣ ಬಿಟ್ಟರು. 5 ಅಂಕ, 4 ರೀಬೌಂಡ್, 2 ಅಸಿಸ್ಟ್. ತಾನು ಬೇಗ ಹೊರನಡೆಯುವುದಾಗಿ ಬಾಲ್ಯದ ಗೆಳೆಯನೊಬ್ಬನಿಗೆ ಮೊದಲೇ ತಿಳಿಸಿದ್ದರು, ಆತ ಆ ಮಾಹಿತಿಯನ್ನು ಸುಮಾರು 1 ಲಕ್ಷ ಡಾಲರಿಗೆ ಮಾರಿದ, ಕೊಂಡವರು ರೋಜಿಯರ್ ‘ಅಂಡರ್’ ಮೇಲೆ 2 ಲಕ್ಷ ಡಾಲರಿಗೂ ಮಿಕ್ಕಿ ಕಟ್ಟಿದರು ಎಂಬುದು ಬ್ರೂಕ್ಲಿನ್‌ನ ಫೆಡರಲ್ ವಕೀಲರು ಸಲ್ಲಿಸಿರುವ ಆರೋಪಪಟ್ಟಿಯ ಸಾರ. ರೋಜಿಯರ್ ತಪ್ಪೊಪ್ಪಿಕೊಂಡಿಲ್ಲ, 2025ರ ಡಿಸೆಂಬರಿನಲ್ಲಿ ನ್ಯಾಯಾಲಯದ ಮುಂದೆ ತಾವು ನಿರ್ದೋಷಿ ಎಂದಿದ್ದಾರೆ. ಎನ್‌ಬಿಎ 2023ರಲ್ಲೇ ಇದನ್ನು ವಿಚಾರಿಸಿ ನಿಯಮ ಉಲ್ಲಂಘನೆ ಕಂಡುಬಂದಿಲ್ಲವೆಂದು ಕೈಬಿಟ್ಟಿತ್ತು.

ಆ ಪಂದ್ಯದ ದಿನ ಮಧ್ಯಾಹ್ನವೇ ಹಲವು ಬೆಟ್ಟಿಂಗ್ ಕಂಪನಿಗಳು ರೋಜಿಯರ್ ಮೇಲಿನ ಬಾಜಿಗಳನ್ನು ಪರದೆಯಿಂದ ಇಳಿಸಿಬಿಟ್ಟಿದ್ದವು. ಇದು ಹೇಗೆ ಗೊತ್ತಾಗುತ್ತದೆ ಎಂದು ಹೊರಗಿನವರು ಬೆರಗಾಗುತ್ತಾರೆ, ಒಳಗಿರುವವರಿಗೆ ಇದರಲ್ಲಿ ಬೆರಗೇನೂ ಇಲ್ಲ. ಸಾಮಾನ್ಯ ಜನ ಅಭಿಮಾನದಿಂದ ಕಟ್ಟುವವರು, ಆದ್ದರಿಂದ ಅವರ ಹಣ ಯಾವಾಗಲೂ ‘ಓವರ್’ ಕಡೆಗೆ ಹರಿಯುತ್ತದೆ. ತನ್ನ ಮೆಚ್ಚಿನ ಆಟಗಾರ ಕೆಟ್ಟದಾಗಿ ಆಡಲೆಂದು ಹಣ ಹಾಕಿ ಟಿವಿ ಮುಂದೆ ಕೂರುವವನು ಅಪರೂಪ. ಒಮ್ಮೆ ನಾನು ಸಂಜೆ ಪಾಳಿಯಲ್ಲಿದ್ದಾಗ, ಬೆಂಚಿನಲ್ಲೇ ಹೆಚ್ಚು ಕೂರುವ ಆಟಗಾರನೊಬ್ಬನ ರೀಬೌಂಡ್ ‘ಅಂಡರ್’ ಮೇಲೆ ಹೊಸದಾಗಿ ತೆರೆದ ನಾಲ್ಕು ಖಾತೆಗಳಿಂದ, ಪ್ರತಿಯೊಂದರಲ್ಲೂ ಗರಿಷ್ಠ ಮಿತಿಯಷ್ಟೇ ಹಣ, ಕೆಲವೇ ನಿಮಿಷಗಳಲ್ಲಿ ಬಂದು ಬಿದ್ದಿತು. ಪಕ್ಕದಲ್ಲಿದ್ದ ಹಿರಿಯರು ಕಾಫಿ ಲೋಟವನ್ನೂ ಕೆಳಗಿಡದೆ ಆ ಬಾಜಿಯನ್ನು ಮುಚ್ಚಿದರು. ಅರ್ಧ ಗಂಟೆಯ ಬಳಿಕ ಆ ಆಟಗಾರ ಅಂದು ಆಡುವುದಿಲ್ಲವೆಂದು ತಂಡ ಪ್ರಕಟಿಸಿತು. ಅದರಲ್ಲಿ ಮೋಸವಿತ್ತೋ, ತಂಡದ ಬಸ್ಸಿನಲ್ಲಿ ಯಾರೋ ಕೇಳಿಸಿಕೊಂಡ ಮಾತಿತ್ತೋ, ನಮಗೆ ಕೊನೆಗೂ ತಿಳಿಯಲಿಲ್ಲ.

ಪ್ರಶ್ನೆ (ಅದೇ ಸದಸ್ಯರು): ರೋಜಿಯರ್ ಅವರ 2025–26ರ ಋತುವಿನ ಸಂಬಳ 2.66 ಕೋಟಿ ಡಾಲರ್ ಎಂದು ಓದಿದೆ. ಅಷ್ಟು ಗಳಿಸುವವರಿಗೆ ಇದರ ಅಗತ್ಯವೇನು?

ಉತ್ತರ: ಆರೋಪ ಸಾಬೀತಾಗದೆ ಕಾರಣವನ್ನು ಊಹಿಸುವುದು ನನಗೆ ಸರಿ ಕಾಣದು. ತಪ್ಪೊಪ್ಪಿಕೊಂಡವರ ಉದಾಹರಣೆಯೊಂದು ನಮ್ಮ ಮುಂದಿದೆ. ಟೊರಾಂಟೊ ರಾಪ್ಟರ್ಸ್ ತಂಡದಲ್ಲಿದ್ದ ಜಾಂಟೇ ಪೋರ್ಟರ್ ಅಲ್ಪ ವೇತನದ ‘ಟು-ವೇ’ ಒಪ್ಪಂದದ (ಎನ್‌ಬಿಎ ತಂಡಕ್ಕೂ ಅದರ ಕೆಳಹಂತದ ತಂಡಕ್ಕೂ ಆಡುವ) ಆಟಗಾರ, ಜೂಜಿನ ಸಾಲದಲ್ಲಿ ಮುಳುಗಿದ್ದವರು. ಸಾಲ ಕೊಟ್ಟವರೇ ದಾರಿ ತೋರಿಸಿದರು. 2024ರ ಜನವರಿ 26ರಂದು ನಾಲ್ಕು ನಿಮಿಷ ಆಡಿ ಕಣ್ಣುನೋವೆಂದರು, ಮಾರ್ಚ್ 20ರಂದು ಮೂರು ನಿಮಿಷದೊಳಗೆ ಮೈಗೆ ಹುಷಾರಿಲ್ಲವೆಂದರು. ಎರಡನೆಯ ದಿನ ಒಬ್ಬಾತ 80,000 ಡಾಲರ್ ಕಟ್ಟಿ 11 ಲಕ್ಷ ಗೆಲ್ಲಹೊರಟಿದ್ದ, ಕಂಪನಿ ಆ ಹಣವನ್ನು ತಡೆಹಿಡಿಯಿತು. ಏಪ್ರಿಲ್‌ನಲ್ಲಿ ಪೋರ್ಟರ್ ಅವರನ್ನು ಎನ್‌ಬಿಎ ಆಜೀವ ನಿಷೇಧಿಸಿತು. ಬೆಂಚಿನ ಆಟಗಾರನ ರೀಬೌಂಡಿನ ಮೇಲೆ ಯಾವ ಅಭಿಮಾನಿ 80,000 ಡಾಲರ್ ಹಾಕುತ್ತಾನೆ? ದುರಾಸೆಯೇ ಅವರನ್ನು ಹಿಡಿದುಕೊಟ್ಟಿತು.

ಪ್ರಶ್ನೆ (ಸದಸ್ಯರು, ಹುಬ್ಬಳ್ಳಿ): ಹಾಗಾದರೆ ಅಂದು ರಾತ್ರಿಯ ಆ 55, 50 ಅಂಕಗಳನ್ನು ನಂಬಬೇಕೇ? ಅವೂ ಯಾರೋ ಕಟ್ಟಿದ ಬಾಜಿಗೆ ತಕ್ಕಂತೆ ಆಡಿದ್ದಿರಬಹುದಲ್ಲವೇ?

ಉತ್ತರ: ಈ ಪ್ರಶ್ನೆಗೆ ನಾನು ಸ್ವಲ್ಪ ದೀರ್ಘವಾಗಿ ಉತ್ತರಿಸುತ್ತೇನೆ, ಏಕೆಂದರೆ ಬಂಧನಗಳ ಗದ್ದಲದಲ್ಲಿ ಒಳ್ಳೆಯ ಆಟಕ್ಕೂ ಅನುಮಾನದ ಮಸಿ ಬಳಿಯುವುದು ನನಗೆ ಬೇಸರ ತರುತ್ತದೆ.

ಕಡಿಮೆ ಆಡುವುದು ಆಟಗಾರನ ಕೈಯಲ್ಲಿದೆ. ಕಾಲು ಹಿಡಿದುಕೊಂಡು ಬೆಂಚಿಗೆ ನಡೆದರಾಯಿತು. ಹೆಚ್ಚು ಆಡುವುದು ಯಾರ ಕೈಯಲ್ಲೂ ಇಲ್ಲ. ಒಕ್ಲಹೋಮಾ ಸಿಟಿ ಥಂಡರ್ ತಂಡದ ಶೇ ಗಿಲ್ಜಿಯಸ್-ಅಲೆಗ್ಸಾಂಡರ್ ಅಂದು ಇಂಡಿಯಾನಾದಲ್ಲಿ ಗಳಿಸಿದ 55 ಅಂಕಗಳನ್ನೇ ಬಿಡಿಸಿ ನೋಡಿ. ಪಂದ್ಯ ಎರಡು ಹೆಚ್ಚುವರಿ ಅವಧಿಗಳಿಗೆ ಎಳೆದು 141–135ರಲ್ಲಿ ಮುಗಿಯಿತು. ಅವರ 23 ಅಂಕಗಳು ಫ್ರೀ ಥ್ರೋಗಳಿಂದಲೇ ಬಂದವು, ಎಸೆದದ್ದು 26. ಫ್ರೀ ಥ್ರೋ ಸಿಗಬೇಕಾದರೆ ಎದುರಾಳಿ ಫೌಲ್ ಮಾಡಬೇಕು, ರೆಫರಿ ಸೀಟಿ ಊದಬೇಕು, ಹೆಚ್ಚುವರಿ ಅವಧಿ ಬರಬೇಕಾದರೆ ಹತ್ತು ಜನರ ಆಟ ಸರಿಸಮ ನಿಲ್ಲಬೇಕು. ಅದೂ ಎದುರಾಳಿ ಯಾರು? ನಾಲ್ಕು ತಿಂಗಳ ಹಿಂದಷ್ಟೇ ಏಳು ಪಂದ್ಯಗಳ ಫೈನಲ್‌ನಲ್ಲಿ ಇದೇ ಥಂಡರ್‌ಗೆ ಸೋತಿದ್ದ ಪೇಸರ್ಸ್. ಅವರು ಶೇಗೆ ದಾರಿ ಬಿಟ್ಟುಕೊಡುತ್ತಾರೆಂದು ನಂಬುವುದು ಕಷ್ಟ. ಅದಕ್ಕೆ ಎರಡು ದಿನ ಮೊದಲು ಹ್ಯೂಸ್ಟನ್ ವಿರುದ್ಧದ ಆರಂಭಿಕ ಪಂದ್ಯವೂ ಎರಡು ಹೆಚ್ಚುವರಿ ಅವಧಿಗಳಿಗೆ ಹೋಗಿ 125–124ರಲ್ಲಿ ಮುಗಿದಿತ್ತು, ಅಲ್ಲಿ ಅವರದು 35.

50 ಅಂಕದ ಆಟ ಡೆನ್ವರ್‌ನ ಏರನ್ ಗಾರ್ಡನ್ ಅವರದು. ಹೆಚ್ಚಾಗಿ ರಕ್ಷಣೆಗೆ ಹೆಸರಾದ ಆಟಗಾರ ಅಂದು ಗೋಲ್ಡನ್ ಸ್ಟೇಟ್ ಅಂಕಣದಲ್ಲಿ ಹತ್ತು ಮೂರಂಕದ ಎಸೆತಗಳನ್ನು ಬುಟ್ಟಿಗೆ ಹಾಕಿದರು, ಆದರೂ ತಂಡ ಹೆಚ್ಚುವರಿ ಅವಧಿಯಲ್ಲಿ ಸೋತಿತು. ಲೇಕರ್ಸ್‌ನ ಲೂಕಾ ಡಾನ್ಚಿಚ್ ತಾವು ಆಡಿದ ಮೊದಲ ಮೂರು ಪಂದ್ಯಗಳಲ್ಲಿ 43, 49, 44. ನನ್ನ ಮೆಚ್ಚಿನದು ಮಾತ್ರ ಬೇರೆ. ಸ್ಯಾನ್ ಆಂಟೋನಿಯೊ ಸ್ಪರ್ಸ್ ತಂಡದ ವಿಕ್ಟರ್ ವೆಂಬನ್ಯಾಮಾ ಅವರ ಹಿಂದಿನ ಋತು ರಕ್ತ ಹೆಪ್ಪುಗಟ್ಟಿದ ಕಾರಣಕ್ಕೆ ಫೆಬ್ರವರಿಯಲ್ಲೇ ಮುಗಿದಿತ್ತು. ಅವರು ಅಕ್ಟೋಬರ್ 22ರಂದು ಡಲ್ಲಾಸ್ ವಿರುದ್ಧ ಮರಳಿ ಬಂದು 40 ಅಂಕ, 15 ರೀಬೌಂಡ್ ಗಳಿಸಿದರು, ಒಮ್ಮೆಯೂ ಚೆಂಡನ್ನು ಎದುರಾಳಿಗೆ ಒಪ್ಪಿಸಲಿಲ್ಲ. ಏಳಡಿ ನಾಲ್ಕಿಂಚಿನ ದೇಹ ಬಳುಕಿ ತಿರುಗಿ ಎಸೆಯುವುದನ್ನು ಮೇಷ್ಟ್ರು ತಮ್ಮ ಮಕ್ಕಳಿಗೆ ಅವಶ್ಯವಾಗಿ ತೋರಿಸಬೇಕು. ಸ್ಪರ್ಸ್ ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಐದಕ್ಕೆ ಐದು ಗೆದ್ದು ಋತುವನ್ನು ಆರಂಭಿಸಿತು.

ಇಂಥ ರಾತ್ರಿಗಳಲ್ಲಿ ಬೆಟ್ಟಿಂಗ್ ಕಂಪನಿಗಳು ಹಣ ಕಳೆದುಕೊಳ್ಳುತ್ತವೆ, ಜನ ‘ಓವರ್’ ಕಟ್ಟಿರುತ್ತಾರಲ್ಲ! ಆದರೂ ನಮ್ಮ ಕಚೇರಿಯಲ್ಲಿ ಯಾರೂ ಅದನ್ನು ಅನುಮಾನಿಸಿ ದೂರು ಬರೆದದ್ದನ್ನು ನಾನು ಕಾಣೆ.

ಪ್ರಶ್ನೆ (ಸದಸ್ಯರು, ಮಂಗಳೂರು): ಬಂಧಿತ ತರಬೇತುದಾರ ಚಾನ್ಸಿ ಬಿಲಪ್ಸ್ ಅವರ ಪ್ರಕರಣವೂ ಇದೇಯೇ?

ಉತ್ತರ: ಅಲ್ಲ, ಇದನ್ನು ಬಹಳ ಜನ ಕಲಸಿಬಿಟ್ಟಿದ್ದಾರೆ. ಒಂದೇ ದಿನ ಎರಡು ಆರೋಪಪಟ್ಟಿಗಳು ಹೊರಬಂದವು, ಒಟ್ಟು 34 ಮಂದಿ. ಪೋರ್ಟ್‌ಲ್ಯಾಂಡ್ ಟ್ರೇಲ್ ಬ್ಲೇಜರ್ಸ್‌ನ ಆಗಿನ ತರಬೇತುದಾರ ಬಿಲಪ್ಸ್ ಹೆಸರಿರುವುದು ಪೋಕರ್ ಪ್ರಕರಣದಲ್ಲಿ. ನ್ಯೂಯಾರ್ಕಿನ ಮಾಫಿಯಾ ಕುಟುಂಬಗಳ ಬೆಂಬಲದಿಂದ ನಡೆದ ಇಸ್ಪೀಟಾಟದಲ್ಲಿ, ಎಲೆ ಕಲಸುವ ಯಂತ್ರವನ್ನೇ ತಿದ್ದಿ, ಯಾರ ಕೈಯಲ್ಲಿ ಗೆಲ್ಲುವ ಎಲೆಯಿದೆ ಎಂಬುದನ್ನು ಆ ಯಂತ್ರ ಹೊರಗಿದ್ದವನಿಗೆ ಕಳಿಸಿ, ಅವನು ಮೇಜಿನಲ್ಲಿ ಕುಳಿತ ತಮ್ಮವನೊಬ್ಬನ ಫೋನಿಗೆ ತಿಳಿಸಿ, ಆತ ಸನ್ನೆಯಿಂದ ಉಳಿದವರಿಗೆ ಹೇಳುತ್ತಿದ್ದನಂತೆ. ಗುರುತು ಹಾಕಿದ ಎಲೆಗಳನ್ನು ಓದುವ ಕಾಂಟ್ಯಾಕ್ಟ್ ಲೆನ್ಸ್, ಬೋರಲು ಹಾಕಿದ ಎಲೆಯನ್ನೂ ಕಾಣುವ ಎಕ್ಸ್‌ರೇ ಮೇಜು ಎಲ್ಲವೂ ಇದ್ದವೆಂದು ಆರೋಪ. ಮೋಸಹೋದವರ ನಷ್ಟ ಕನಿಷ್ಠ 70 ಲಕ್ಷ ಡಾಲರ್. ಹೆಸರಾಂತ ಆಟಗಾರರ ಜೊತೆ ಕೂರುವ ಆಸೆ ತೋರಿಸಿ ಶ್ರೀಮಂತರನ್ನು ಕರೆತರಲು ಬಿಲಪ್ಸ್ ಅವರಂಥವರನ್ನು ಬಳಸಲಾಯಿತೆಂದು ಸರ್ಕಾರಿ ವಕೀಲರು ಹೇಳುತ್ತಾರೆ. ಅವರೂ ನಿರ್ದೋಷಿ ಎಂದೇ ವಾದಿಸುತ್ತಿದ್ದಾರೆ.

ಎರಡೂ ಪಟ್ಟಿಗಳಲ್ಲಿರುವವರು ಮಾಜಿ ಆಟಗಾರ ಡೇಮನ್ ಜೋನ್ಸ್. 2023ರ ಫೆಬ್ರವರಿ 9ರಂದು ಮಿಲ್ವಾಕಿ ವಿರುದ್ಧದ ಪಂದ್ಯಕ್ಕೆ ಲೇಕರ್ಸ್‌ನ ಪ್ರಮುಖ ಆಟಗಾರರೊಬ್ಬರು ಇಳಿಯುವುದಿಲ್ಲವೆಂಬ ಸಂಗತಿಯನ್ನು ಪ್ರಕಟವಾಗುವ ಮೊದಲೇ ಅವರು ಹೊರಗೆ ದಾಟಿಸಿದರೆಂಬುದು ಆರೋಪ. ಅಂದು ಆಡದೇ ಇದ್ದವರು ಲೆಬ್ರಾನ್ ಜೇಮ್ಸ್, ಅವರ ಮೇಲೆ ಯಾವ ಆರೋಪವೂ ಇಲ್ಲ.

ಪ್ರಶ್ನೆ (ಗೃಹಿಣಿ, ನ್ಯೂಜೆರ್ಸಿ): ನನ್ನ ಮಗನಿಗೆ 19 ವರ್ಷ. ಸ್ನೇಹಿತನ ಖಾತೆಯಲ್ಲಿ ಹತ್ತು ಹತ್ತು ಡಾಲರ್ ‘ಪಾರ್ಲೇ’ ಕಟ್ಟುತ್ತಾನೆ. ಹತ್ತು ಹಾಕಿದರೆ ನೂರಮೂವತ್ತು ಬರುತ್ತದೆ, ಇದರಲ್ಲಿ ನಷ್ಟವೇನಮ್ಮ ಎನ್ನುತ್ತಾನೆ. ಅವನಿಗೆ ಏನು ಹೇಳಲಿ?

ಉತ್ತರ: ಮೇಡಂ, ನ್ಯೂಜೆರ್ಸಿಯಲ್ಲಿ 21 ತುಂಬದವರು ಬಾಜಿ ಕಟ್ಟುವುದು ಕಾನೂನುಬಾಹಿರ, ಇನ್ನೊಬ್ಬರ ಖಾತೆಯಲ್ಲಿ ಕಟ್ಟುವುದು ಇನ್ನೊಂದು ತಪ್ಪು. ಆದರೆ ಆ ವಯಸ್ಸಿನವರಿಗೆ ಬುದ್ಧಿವಾದಕ್ಕಿಂತ ಲೆಕ್ಕ ನಾಟುತ್ತದೆ, ಕಾಗದದ ಮೇಲೆ ಬರೆದು ತೋರಿಸಿ.

ಒಂದು ಬಾಜಿಯಲ್ಲಿ 100 ಡಾಲರ್ ಗೆಲ್ಲಬೇಕಾದರೆ ಸಾಮಾನ್ಯವಾಗಿ 110 ಕಟ್ಟಬೇಕು. ಆ ಹತ್ತು ಕಂಪನಿಯ ಕಮಿಷನ್ ಎಂದುಕೊಳ್ಳಿ. ನಾಣ್ಯ ಚಿಮ್ಮಿದಂತೆ ಸರಿಸಮ ಸಾಧ್ಯತೆಯಿರುವ ನಾಲ್ಕು ಬಾಜಿಗಳನ್ನು ಒಂದಕ್ಕೊಂದು ಗಂಟುಹಾಕಿ, ನಾಲ್ಕೂ ಗೆದ್ದರಷ್ಟೇ ಹಣ ಎನ್ನುವುದೇ ಪಾರ್ಲೇ. ನಾಲ್ಕೂ ಕೂಡಿ ಬರುವುದು ಹದಿನಾರಕ್ಕೆ ಒಂದು ಸಲ, ಹಾಗಿದ್ದಮೇಲೆ ನ್ಯಾಯವಾಗಿ ಹತ್ತಕ್ಕೆ 160 ಬರಬೇಕು, ಬರುವುದು ಸುಮಾರು 133. ಅವನು ಹದಿನಾರು ಸಲ ಹತ್ತು ಹತ್ತು ಕಟ್ಟಿದರೆ ಕೈಬಿಟ್ಟದ್ದು 160, ಸರಾಸರಿಯಲ್ಲಿ ಮರಳಿದ್ದು 133. ಅದೇ 160 ಡಾಲರನ್ನು ಬಿಡಿಬಿಡಿಯಾಗಿ ಕಟ್ಟಿದ್ದರೆ ಸುಮಾರು 153 ಮರಳುತ್ತಿತ್ತು. ಹತ್ತುಪಟ್ಟು ಬರುತ್ತದೆ ಎಂದು ಆಪ್ ಮಿನುಗಿಸಿ ತೋರಿಸುವ ಬಾಜಿಯೇ ಕಂಪನಿಗೆ ಅತಿ ಹೆಚ್ಚು ಲಾಭದ್ದು. ಅದನ್ನು ಮುಖಪುಟದಲ್ಲಿ ಎಲ್ಲಿಡಬೇಕು ಎಂಬ ಬಗ್ಗೆ ನಾವು ವಾರಕ್ಕೊಂದು ಸಭೆ ನಡೆಸುತ್ತಿದ್ದೆವು, ಇಂದಿಗೂ ಅದನ್ನು ನೆನೆದರೆ ನನಗೆ ಮುಜುಗರವಾಗುತ್ತದೆ.

ಪ್ರಶ್ನೆ (ಸದಸ್ಯರು, ಬೆಂಗಳೂರು): ಅಣ್ಣ, ಇಲ್ಲಿಂದ ವಿದೇಶಿ ಆಪ್‌ಗಳಲ್ಲಿ ಎನ್‌ಬಿಎ ಮೇಲೆ ಕಟ್ಟಬಹುದೇ? ಟೆಲಿಗ್ರಾಂನಲ್ಲಿ ‘ಒಳಗಿನ ಸುದ್ದಿ’ ಕೊಡುವ ಗುಂಪುಗಳೂ ಇವೆ.

ಉತ್ತರ: ನಾನು ವಕೀಲನಲ್ಲ, ಗೊತ್ತಿರುವಷ್ಟು ಹೇಳುತ್ತೇನೆ. 2025ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಗೇಮಿಂಗ್ ಕಾಯ್ದೆಯು ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನು ನಿಷೇಧಿಸಿದೆ, ಅದರ ಶಿಕ್ಷೆ ನಡೆಸುವವರಿಗೆ ಮತ್ತು ಜಾಹೀರಾತು ಕೊಡುವವರಿಗೆ. ಆದರೆ ಜೂಜಿನ ಮಟ್ಟಿಗೆ ಕರ್ನಾಟಕ ಪೊಲೀಸ್ ಕಾಯ್ದೆ ಬೇರೆಯೇ ಇದೆ, ಆಡುವವನಿಗೆ ಏನೂ ಆಗದು ಎಂದು ತಿಳಿಯಬೇಡಿ. ಇನ್ನು ಒಳಗಿನ ಸುದ್ದಿಯ ಮಾತು: ರೋಜಿಯರ್ ಪ್ರಕರಣದಲ್ಲಿ ಅಂಥ ಒಂದು ಸುದ್ದಿಯ ಬೆಲೆ 1 ಲಕ್ಷ ಡಾಲರ್ ಎಂದು ಆರೋಪಪಟ್ಟಿಯೇ ಹೇಳುತ್ತದೆ. ಅದನ್ನು ನಿಮಗೆ ಟೆಲಿಗ್ರಾಂನಲ್ಲಿ ಪುಕ್ಕಟೆ ಕೊಡುವ ಪುಣ್ಯಾತ್ಮ ಯಾರು?

ಪ್ರಶ್ನೆ (ಸದಸ್ಯರು, ಹುಬ್ಬಳ್ಳಿ): ಲೀಗ್ ಇದನ್ನು ತಡೆಯಲು ಏನು ಮಾಡಿದೆ?

ಉತ್ತರ: ಪೋರ್ಟರ್ ಬಳಿಕ ‘ಟು-ವೇ’ ಆಟಗಾರರ ‘ಅಂಡರ್’ ಬಾಜಿಗಳನ್ನು ಲೀಗಿನ ಪಾಲುದಾರ ಕಂಪನಿಗಳು ನಿಲ್ಲಿಸಿದವು. 2025ರ ಡಿಸೆಂಬರಿನಿಂದ ತಂಡಗಳು ಗಾಯಾಳುಗಳ ಪಟ್ಟಿಯನ್ನು ಪಂದ್ಯದ ದಿನವೇ ಹೊಸದಾಗಿ ಕೊಡಬೇಕು, ಆ ಪಟ್ಟಿ ಈಗ ಹದಿನೈದು ನಿಮಿಷಕ್ಕೊಮ್ಮೆ ಪರಿಷ್ಕರಣೆಯಾಗುತ್ತದೆ. ನನ್ನ ದೃಷ್ಟಿಯಲ್ಲಿ ಇದೇ ಹೆಚ್ಚು ಪರಿಣಾಮಕಾರಿ, ಏಕೆಂದರೆ ಈ ದಂಧೆಯ ಸರಕೆಂದರೆ ‘ಯಾರು ಆಡುವುದಿಲ್ಲ’ ಎಂಬ ಮಾಹಿತಿ. ಅದು ಗುಟ್ಟಾಗಿ ಉಳಿಯುವ ಹೊತ್ತು ಕಡಿಮೆಯಾದಷ್ಟೂ ಅದಕ್ಕೆ ಬೆಲೆ ಇಳಿಯುತ್ತದೆ.

ಆದರೆ ಲೀಗ್ ಪೂರ್ತಿ ಮುಗ್ಧ ಎಂದು ನಾನು ಹೇಳಲಾರೆ. ಬೆಟ್ಟಿಂಗನ್ನು ಕಾನೂನುಬದ್ಧಗೊಳಿಸಿ ಬೆಳಕಿಗೆ ತನ್ನಿ ಎಂದು ಲೀಗಿನ ಮುಖ್ಯಸ್ಥರಾದ ಕಮಿಷನರ್ ಆಡಮ್ ಸಿಲ್ವರ್ 2014ರಲ್ಲೇ ಪತ್ರಿಕೆಯಲ್ಲಿ ಬರೆದಿದ್ದರು. 2018ರ ಮೇ ತಿಂಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಬಾಗಿಲು ತೆರೆದ ಮೇಲೆ ದೊಡ್ಡ ಕಂಪನಿಗಳು ಎನ್‌ಬಿಎಯ ಅಧಿಕೃತ ಪಾಲುದಾರರಾದವು. ಬೆಳಕಿಗೆ ಬಂದಿದ್ದರಿಂದಲೇ ರೋಜಿಯರ್, ಪೋರ್ಟರ್ ಬಾಜಿಗಳು ಕಣ್ಣಿಗೆ ಬಿದ್ದವು ಎಂಬುದು ನಿಜ. ಒಬ್ಬ ಬೆಂಚಿನ ಆಟಗಾರನ ರೀಬೌಂಡಿಗೂ ಮಾರುಕಟ್ಟೆ ತೆರೆದದ್ದರಿಂದಲೇ ಅಂಥ ಬಾಜಿ ಹುಟ್ಟಿತು ಎಂಬುದೂ ಅಷ್ಟೇ ನಿಜ. ಕೆಲವು ಪ್ರಾಪ್‌ಗಳನ್ನು ಹಿಂತೆಗೆಯುವಂತೆ ಪಾಲುದಾರರನ್ನು ಕೇಳಿದ್ದೇವೆ ಎಂದು ಸಿಲ್ವರ್ ಹೇಳಿದ್ದು ಬಂಧನಗಳಿಗೆ ಎರಡೇ ದಿನ ಮೊದಲು.

ಪ್ರಶ್ನೆ (ದೈಹಿಕ ಶಿಕ್ಷಣ ಶಿಕ್ಷಕರು, ಮೈಸೂರು): ಕೊನೆಯದಾಗಿ ಒಂದು, ಸರ್. ತರಬೇತುದಾರರಿಲ್ಲದ ಪೋರ್ಟ್‌ಲ್ಯಾಂಡ್ ತಂಡ ಏನಾಯಿತು?

ಉತ್ತರ: ಒಳ್ಳೆಯ ಪ್ರಶ್ನೆ ಮೇಷ್ಟ್ರೇ. ಬಿಲಪ್ಸ್ ಅವರನ್ನು ರಜೆಯ ಮೇಲೆ ಕಳಿಸಿದ ತಕ್ಷಣ ಸಹಾಯಕರಾಗಿದ್ದ ಬ್ರೆಜಿಲ್‌ನ ಟಿಯಾಗೊ ಸ್ಪ್ಲಿಟರ್ ತಂಡವನ್ನು ವಹಿಸಿಕೊಂಡರು. ಮರುರಾತ್ರಿಯೇ ಗೋಲ್ಡನ್ ಸ್ಟೇಟ್ ತಂಡವನ್ನು 139–119ರಿಂದ ಸೋಲಿಸಿದರು. ನವೆಂಬರ್ 5ರಂದು ಶೇ ಅವರ ಥಂಡರ್ ಎಂಟಕ್ಕೆ ಎಂಟು ಗೆದ್ದು ಪೋರ್ಟ್‌ಲ್ಯಾಂಡಿಗೆ ಬಂದಿತು, 22 ಅಂಕಗಳ ಮುನ್ನಡೆಯನ್ನೂ ಪಡೆಯಿತು, ಕೊನೆಗೆ 121–119ರಿಂದ ಸೋತು ಹೋಯಿತು. ಆಮೇಲೆ ಥಂಡರ್ ಸತತ 16 ಪಂದ್ಯ ಗೆದ್ದು 24–1ಕ್ಕೆ (24 ಗೆಲುವು, 1 ಸೋಲು) ಏರಿತು. ಆ ಒಂದು ಪೋರ್ಟ್‌ಲ್ಯಾಂಡಿನದು.