ದೊಡ್ಡ ಸ್ಕಾಲರ್‌ಶಿಪ್ ಯಾರಿಗಾದರೂ ನಿಜವಾಗಿ ಸಿಕ್ಕಿದೆಯಾ? ಅನುಭವ ಇದ್ದವರು ಹೇಳಿ

ಹದಡಿ ರಸ್ತೆ ಅಂಗಡಿ, ದಾವಣಗೆರೆ:
ಮಗಳಿಗೆ ದೆಹಲಿ ಹತ್ತಿರದ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಓದಲು ಸೀಟು ಸಿಕ್ಕಿದೆ. ಪರೀಕ್ಷೆ, ಇಂಟರ್‌ವ್ಯೂ ಎಲ್ಲಾ ದಾಟಿ ಸಿಕ್ಕಿದ್ದು. ಟ್ಯೂಷನ್ ಫೀಯಲ್ಲಿ ಅರ್ಧ ಬಿಟ್ಟಿದ್ದಾರೆ. ಆದರೂ ಹಾಸ್ಟೆಲ್, ಊಟ ಸೇರಿ ವರ್ಷಕ್ಕೆ 6.8 ಲಕ್ಷ ನಾವೇ ಕಟ್ಟಬೇಕು. ನನ್ನದು ಎಲೆಕ್ಟ್ರಿಕಲ್ ಅಂಗಡಿ. ಐಟಿ ರಿಟರ್ನ್‌ನಲ್ಲಿ 7 ಲಕ್ಷ ಇದೆ. ಕೆಟಗರಿ 3ಬಿ. ಹೊರಗಿನಿಂದ ದೊಡ್ಡ ಮೊತ್ತದ ಸ್ಕಾಲರ್‌ಶಿಪ್ ಪಡೆದವರು ಇದ್ದೀರಾ? ಕಾಲೇಜಿಗೇ ಇನ್ನೊಮ್ಮೆ ಕೇಳಬಹುದಾ?

ನಿವೃತ್ತ ಮೇಷ್ಟ್ರು, ಚಿತ್ರದುರ್ಗ:
ಸಂಬಳದವರಿಗೆ ಈ ದೇಶದಲ್ಲಿ ಸ್ಕಾಲರ್‌ಶಿಪ್ ಅನ್ನೋದೇ ಇಲ್ಲ ಸರ್. ನನ್ನ ಮಗ ಸುರತ್ಕಲ್ ಎನ್‌ಐಟಿಯಲ್ಲಿ ಓದಿದ. ಜನರಲ್ ಮೆರಿಟ್. ಮನೆಯ ಆದಾಯ 1 ಲಕ್ಷದೊಳಗಿದ್ದರೆ ಟ್ಯೂಷನ್ ಫೀ ಪೂರ್ತಿ ಮಾಫಿ, 5 ಲಕ್ಷದೊಳಗಿದ್ದರೆ ಮೂರರಲ್ಲಿ ಎರಡು ಪಾಲು ಮಾಫಿ. ಆ ವರ್ಷ ನನ್ನ ಫಾರ್ಮ್ 16ರಲ್ಲಿ, ಅಂದರೆ ಸಂಬಳದ ತೆರಿಗೆ ಪತ್ರದಲ್ಲಿ, 5,38,000. ಬರೀ 38 ಸಾವಿರದಲ್ಲಿ ತಪ್ಪಿತು. ಸೆಮಿಸ್ಟರಿಗೆ 62,500ರಂತೆ 8 ಸೆಮಿಸ್ಟರಿಗೆ 5 ಲಕ್ಷ ಎಣಿಸಿಕೊಟ್ಟೆ. ಮಾಫಿ ಸಿಕ್ಕಿದ್ದರೆ 1 ಲಕ್ಷದ 67 ಸಾವಿರಕ್ಕೆ ಮುಗಿಯುತ್ತಿತ್ತು. ಮೆಸ್ ಬಿಲ್ ಬೇರೆ. ಲ್ಯಾಪ್‌ಟಾಪ್ 58,000. ಎರಡನೇ ವರ್ಷ ಮಳೆಗಾಲದಲ್ಲಿ ಅದರ ಮದರ್‌ಬೋರ್ಡ್ ಹೋಯಿತು, 14,500. ಅವನ ರೂಮ್‌ಮೇಟ್ ಮನೆಯಲ್ಲಿ ಎಂಟು ಎಕರೆ ಅಡಿಕೆ ತೋಟ. ಇನ್‌ಕಮ್ ಸರ್ಟಿಫಿಕೇಟ್ ಎಷ್ಟಕ್ಕೆ ಗೊತ್ತಾ? 96 ಸಾವಿರ! ಪೂರ್ತಿ ಮಾಫಿ. ರಜಾ ಬಂದರೆ ಹುಡುಗನನ್ನು ಕರಕೊಂಡು ಹೋಗಲು ಕಾರು ಬರುತ್ತಿತ್ತು. ನನ್ನ ಮಗ ಬಸ್ಸಿನಲ್ಲಿ ನಿಂತುಕೊಂಡು ದುರ್ಗಕ್ಕೆ ಬರುತ್ತಿದ್ದ.

ಅಡಿಕೆ ತೋಟ, ಚನ್ನಗಿರಿ:
ಮೇಷ್ಟ್ರೇ, ಅಡಿಕೆ ಅಂದ ಕೂಡಲೇ ಎಲ್ಲರಿಗೂ ಕಾರೇ ಕಾಣುತ್ತೆ. 2024ರ ಬೇಸಿಗೆಯಲ್ಲಿ ತೋಟಕ್ಕೆ ಟ್ಯಾಂಕರ್ ನೀರು ಹೊಡೆಸಿದ್ದು ಯಾರಾದರೂ ನೋಡಿದ್ರಾ? ಬೋರ್ 780 ಅಡಿ ಹೋಯಿತು. ಧೂಳು. ಕೊರೆದವರಿಗೆ 1,12,000, ಕೇಸಿಂಗ್ ಬೇರೆ. ಇನ್ನೊಂದು ಕೊರೆಸಿದೆ, ಅರ್ಧ ಇಂಚು ನೀರು. ಕೊನೆಗೆ ತೋಟ ಖೇಣಿ ಕೊಟ್ಟು, ಅಂದರೆ ಕೊಯ್ಲಿಗೆ ಮೊದಲೇ ಫಸಲು ಮಾರಿ, ಮಗಳ ಇಂಜಿನಿಯರಿಂಗ್ ಫೀ ಕಟ್ಟಿದೆ. ನಿಮಗೆ ಒಂದನೇ ತಾರೀಖು ಸಂಬಳ ಬರುತ್ತಿತ್ತು, ಈಗ ಪಿಂಚಣಿ ಬರುತ್ತೆ. ರಾಜ್ಯ ಸರ್ಕಾರ ರೈತರ ಮಕ್ಕಳಿಗೆ ಕೊಡುವ ರೈತ ವಿದ್ಯಾನಿಧಿ ಅಂತ ಮಗಳಿಗೆ ವರ್ಷಕ್ಕೆ 11,000 ಬಂತು. ಹುಡುಗರಿಗೆ 10,000. ನಮ್ಮ ತಾಲ್ಲೂಕಿಗೆ ಬಂದ ದೊಡ್ಡ ಸ್ಕಾಲರ್‌ಶಿಪ್ ಅಂದರೆ ಅದೇ.

ಹರಿಹರದ ಅಮ್ಮ:
ನನ್ನ ಮಗಳಿಗೆ ಸಿಕ್ಕಿದೆ. ಬೆಂಗಳೂರಿನ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ, ಬಿಎ ಆನರ್ಸ್. ಟ್ಯೂಷನ್ ಪೂರ್ತಿ ಮಾಫಿ, ಹಾಸ್ಟೆಲ್‌ನದೂ ಮಾಫಿ. ಅಲ್ಲಿ ಪ್ರವೇಶ ಪರೀಕ್ಷೆ, ಇಂಟರ್‌ವ್ಯೂ ನೋಡಿ ಸೀಟು ಕೊಡುತ್ತಾರೆ, ಮನೆ ಪರಿಸ್ಥಿತಿ ನೋಡಿ ಫೀಸು ಬಿಡುತ್ತಾರೆ. ನಾನು ಬ್ಲೌಸ್ ಹೊಲಿಯುತ್ತೇನೆ. ಇವರದು ಗ್ಯಾರೇಜ್ ಕೆಲಸ. ಆದಾಯಕ್ಕೆ ಸ್ಲಿಪ್ ಎಲ್ಲಿಂದ ತರೋದು? ಬ್ಯಾಂಕ್ ಪಾಸ್‌ಬುಕ್, ರೇಷನ್ ಕಾರ್ಡ್, ಬಾಡಿಗೆ ಕರಾರು, ಚಿಕ್ಕವನ ಸ್ಕೂಲ್ ಫೀ ರಸೀದಿ ಎಲ್ಲಾ ಜೋಡಿಸಿಟ್ಟೆ. ನಾನು ಅಳತೆ ಬರೆಯುವ ಪುಸ್ತಕದಲ್ಲಿ ಯಾರು ಎಷ್ಟು ಕೊಟ್ಟರು ಅಂತಲೂ ಇರುತ್ತೆ. ಅದರ ಮೂರು ತಿಂಗಳಿನ ಹಾಳೆ ಜೆರಾಕ್ಸ್ ಮಾಡಿಸಿ ಕಳಿಸಿದ್ದೆ. ಒಂದು ಹಾಳೆಯಲ್ಲಿ ಟೀ ಕಲೆ ಹಾಗೇ ಇತ್ತು. ಎಲ್ಲಾ ಮಾಫಿ ಅಂದರೂ ಖರ್ಚು ಬಿಡಲ್ಲ: ಹಾಸಿಗೆ, ಬಕೆಟ್, ಫೋನು, ಕನ್ನಡಕ ಸೇರಿ ಮೊದಲ ತಿಂಗಳು 31,400.
ರಿಲಯನ್ಸ್ ಫೌಂಡೇಶನ್‌ದೂ ಹಾಕಿ ನೋಡಿ ಸರ್. ಆದಾಯ 15 ಲಕ್ಷದವರೆಗೆ ಇರಬಹುದು, ಆನ್‌ಲೈನ್ ಪರೀಕ್ಷೆ ಇರುತ್ತೆ. 2 ಲಕ್ಷದವರೆಗೆ ಅಂತಾರೆ. ಅದು ಇಡೀ ಡಿಗ್ರಿಗೆ, ವರ್ಷಕ್ಕಲ್ಲ.

ವಿದ್ಯಾನಗರದ ಅಪ್ಪ:
ಬೇಜಾರಾಗಬೇಡಿ, ಬಿಎಗೆ ವರ್ಷಕ್ಕೆ 6.8 ಲಕ್ಷಾನಾ? ಇಲ್ಲೇ ಯಾವುದಾದರೂ ಕಾಲೇಜಿನಲ್ಲಿ ನಾಲ್ಕಂಕಿಯ ಫೀಸಿನಲ್ಲಿ ಮುಗಿಯುತ್ತೆ. ನಾನು ಮಗನಿಗೆ ಪಿಯು ಎರಡು ವರ್ಷಕ್ಕೇ 4.6 ಲಕ್ಷ ಸುರಿದೆ, ನೀಟ್ ಕೋಚಿಂಗ್ ಸೇರಿ. ರಿಪೀಟ್ ಮಾಡಿಸಿದ್ದಕ್ಕೆ ಮತ್ತೆ 1.3 ಲಕ್ಷ. ಈಗ ಖಾಸಗಿ ಕೋಟಾದಲ್ಲಿ ಎಂಬಿಬಿಎಸ್. ದಾವಣಗೆರೆಯ ಎಂಸಿಸಿ ಬಿ ಬ್ಲಾಕ್ ಬಡಾವಣೆಯ ಸೈಟ್ ಮಾರಿದೆ. ಆದರೆ ಕೊನೆಗೆ ಡಾಕ್ಟರ್ ಆಗುತ್ತಾನೆ ಅಲ್ವಾ?

ಹರಿಹರದ ಅಮ್ಮ:
ಸೈಟ್ ಇದ್ದಿದ್ದಕ್ಕೆ ಮಾರಿದಿರಿ. ನಮ್ಮ ಹತ್ತಿರ ಮಾರೋಕೆ ಹೊಲಿಗೆ ಮಷಿನ್ ಮಾತ್ರ ಇತ್ತು. ನಿಮ್ಮ ಮಗನ ಕೋಚಿಂಗ್ ದುಡ್ಡಿನಲ್ಲಿ ನಾವು ಎಷ್ಟೋ ವರ್ಷ ಬಾಡಿಗೆ ಕಟ್ಟುತ್ತೇವೆ. ಬಿಎ ಬಗ್ಗೆ ಗೊತ್ತಿಲ್ಲದಿದ್ದರೆ ಸುಮ್ನಿರಿ.

ಬ್ಯಾಂಕಿನಲ್ಲಿದ್ದವನು:
ಯಾರೂ ಸಾಲದ ಮಾತೇ ಎತ್ತಿಲ್ಲವಲ್ಲ. ಪಿಎಂ ವಿದ್ಯಾಲಕ್ಷ್ಮಿ ಶಿಕ್ಷಣ ಸಾಲದ ಯೋಜನೆ ನೋಡಿ, ಕೇಂದ್ರ ಸಂಪುಟ 2024ರ ನವೆಂಬರ್‌ನಲ್ಲಿ ಒಪ್ಪಿದ್ದು. ಆದಾಯ 8 ಲಕ್ಷದೊಳಗಿದ್ದರೆ 10 ಲಕ್ಷದವರೆಗಿನ ಸಾಲಕ್ಕೆ, ಕಂತು ಶುರುವಾಗುವವರೆಗೆ 3% ಬಡ್ಡಿ ಸರ್ಕಾರದ್ದು. ಜಾಮೀನು ಕೇಳುವ ಹಾಗಿಲ್ಲ. ಆದರೆ ಕಾಲೇಜು ಅವರ ಪಟ್ಟಿಯಲ್ಲಿರಬೇಕು, ಮ್ಯಾನೇಜ್‌ಮೆಂಟ್ ಕೋಟಾ ಸೀಟಿಗೆ ಇಲ್ಲ. ಬೇರೆ ಸರ್ಕಾರಿ ಸ್ಕಾಲರ್‌ಶಿಪ್ ತಗೊಂಡರೆ ಬಡ್ಡಿ ರಿಯಾಯಿತಿಯೂ ಇಲ್ಲ. ಸಣ್ಣ ಸ್ಕಾಲರ್‌ಶಿಪ್‌ಗೆ ಆಸೆಪಟ್ಟು ಇದನ್ನು ಕಳಕೊಂಡವರನ್ನು ಕಂಡಿದ್ದೇನೆ.

ಅಡಿಕೆ ತೋಟ, ಚನ್ನಗಿರಿ:
ಜಾಮೀನು ಕೇಳುವ ಹಾಗಿಲ್ಲ ಅಂತ ನಿಮ್ಮ ಪುಸ್ತಕದಲ್ಲಿ ಬರೆದಿರಬಹುದು. ನಾನು ಹೋದ ಬ್ರಾಂಚಿನಲ್ಲಿ ಮೊದಲು ಕೇಳಿದ್ದೇ ಪಹಣಿ. ಆಮೇಲೆ ಲೀಗಲ್ ಒಪಿನಿಯನ್‌ಗೆ 3,500, ಅದೂ ನನ್ನ ಜೇಬಿನಿಂದ. ಅಷ್ಟೆಲ್ಲಾ ಆದ ಮೇಲೆ ಮ್ಯಾನೇಜರ್ ಬದಲಾದರು. ಹೊಸಬರು ಫೈಲ್ ಕಾಣಲ್ಲ ಅಂದರು.

ಬ್ಯಾಂಕಿನಲ್ಲಿದ್ದವನು:
ಒಬ್ಬ ಮ್ಯಾನೇಜರ್ ಹಾಗೆ ಮಾಡಿದರೆ ಎಲ್ಲರೂ ಹಾಗಾ? ಸಾಲ ತಗೊಂಡು ಮಗ ಅಮೆರಿಕದಲ್ಲಿ ಕೂತ ಮೇಲೆ ಫೋನ್ ಎತ್ತದ ಅಪ್ಪಂದಿರ ಲಿಸ್ಟ್ ನನ್ನ ಹತ್ತಿರಾನೂ ಇದೆ.

ಚಳ್ಳಕೆರೆ ಹುಡುಗ:
ಅಮೆರಿಕದಲ್ಲಿ ಕೂತವನು ನಾನು, ಸಾಲ ಇಲ್ಲದೆ. ಅಪ್ಪ ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ. ಇಂಡಿಯಾದಲ್ಲಿ ಮೆರಿಟ್ ಸ್ಕಾಲರ್‌ಶಿಪ್ ಹುಡುಕುತ್ತಾ ಕೂತರೆ ವರ್ಷ ಹೋಗುತ್ತೆ. ದೊಡ್ಡ ದುಡ್ಡು ಇರುವುದು ಕಾಲೇಜಿನ ಹತ್ತಿರವೇ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್‌ಹರ್ಸ್ಟ್ ಇವೆಲ್ಲಾ ಸೀಟು ಕೊಡುವಾಗ ಹೊರದೇಶದವರ ದುಡ್ಡಿನ ಸ್ಥಿತಿ ನೋಡಲ್ಲ, ಕೊಟ್ಟ ಮೇಲೆ ಎಷ್ಟು ಕೊರತೆ ಇದೆಯೋ ಅಷ್ಟು ತುಂಬುತ್ತವೆ. ನನ್ನದು ಅಷ್ಟು ದೊಡ್ಡ ಹೆಸರಿನದಲ್ಲ, ಆದರೂ ಪೂರ್ತಿ ಕೊಟ್ಟರು. ಕಾಲೇಜಿನ ನೆರವು ಕೇಳಲು ಸಿಎಸ್‌ಎಸ್ ಪ್ರೊಫೈಲ್ ಅಂತ ಒಂದು ಅರ್ಜಿ ಇದೆ. ಮನೆಗೆ ಮಾರ್ಕೆಟ್ ಬೆಲೆ ಎಷ್ಟು ಅಂತ ಕೇಳುತ್ತೆ. ನಮ್ಮದು ತಗಡಿನ ಮನೆ, ಜಾಗ ಇನ್ನೂ ಅಜ್ಜನ ಹೆಸರಲ್ಲೇ ಇದೆ. ಅಪ್ಪ ಒಂದು ರಾತ್ರಿ ಪೂರ್ತಿ ಲೆಕ್ಕ ಹಾಕಿದರು. ವೀಸಾಕ್ಕೂ ಮೊದಲು ಅಮೆರಿಕ ಸರ್ಕಾರಕ್ಕೆ ಕಟ್ಟುವ ಸೆವಿಸ್ ಫೀ 350 ಡಾಲರ್, ವೀಸಾ 185 ಡಾಲರ್, ಎರಡೂ ಮಾವ ಕೊಟ್ಟಿದ್ದು.
ಇನ್ನೊಂದು ವಿಷಯ ಯಾರೂ ಹೇಳಲ್ಲ. ಇಲ್ಲಿಗೆ ಬಂದ ಮೇಲೆ ಹೊರಗಿನಿಂದ 2,000 ಡಾಲರ್ ಸ್ಕಾಲರ್‌ಶಿಪ್ ಗೆದ್ದೆ. ಕಾಲೇಜು ತನ್ನ ಗ್ರಾಂಟಿನಲ್ಲಿ ಅಷ್ಟೇ ಕಡಿತ ಮಾಡಿತು. ನನ್ನ ಕೈಗೆ ಬಂದದ್ದು ಸೊನ್ನೆ.

ಹದಡಿ ರಸ್ತೆ ಅಂಗಡಿ, ದಾವಣಗೆರೆ:
ಎಲ್ಲರಿಗೂ ಥ್ಯಾಂಕ್ಸ್. ತಮ್ಮಾ ಚಳ್ಳಕೆರೆ, ಕಾಲೇಜಿಗೆ ಮತ್ತೆ ಕೇಳಿದರೆ ಸೀಟಿಗೆ ತೊಂದರೆ ಆಗಲ್ಲ ತಾನೇ?

ಚಳ್ಳಕೆರೆ ಹುಡುಗ:
ನನಗೆ ಆಗಲಿಲ್ಲ ಅಂಕಲ್. ಎರಡನೇ ವರ್ಷ ಮಿಲ್ ಮುಚ್ಚಿತು, ಅಪ್ಪ ಮನೆಯಲ್ಲಿ ಕೂತರು. ಕೆಲಸ ಬಿಡಿಸಿದ ಪತ್ರ, ಅಜ್ಜಿಯ ಆಸ್ಪತ್ರೆ ಬಿಲ್ ಹಾಕಿ ಬರೆದೆ. 4,100 ಡಾಲರ್ ಏರಿಸಿದರು. ಬರೀ ಕಷ್ಟ ಇದೆ ಅಂತ ಬರೆದ ನನ್ನ ಫ್ರೆಂಡ್‌ಗೆ ಏನೂ ಕೊಡಲಿಲ್ಲ. ಮೊದಲ ಅರ್ಜಿಯಲ್ಲಿ ಇಲ್ಲದ ಕಾಗದ ಏನಿದೆ ನೋಡಿ. ಅಂಗಡಿ ಸಾಲ, ಜಿಎಸ್‌ಟಿ ರಿಟರ್ನ್‌ನಲ್ಲಿ ವ್ಯಾಪಾರ ಇಳಿದದ್ದು, ಅಂಥದ್ದು.

ನಿವೃತ್ತ ಮೇಷ್ಟ್ರು, ಚಿತ್ರದುರ್ಗ:
ನೋಡಿ, ನಮ್ಮ ಜಿಲ್ಲೆಯ ಹುಡುಗ. ಸೈಟ್ ಮಾರಿ ಸೀಟು ತಗೊಳ್ಳೋದು ದಾವಣಗೆರೆ ಬುದ್ಧಿ. ಓದಿ ತಗೊಳ್ಳೋದು ದುರ್ಗದ್ದು.

ವಿದ್ಯಾನಗರದ ಅಪ್ಪ:
ಅದಕ್ಕೇ ನಿಮ್ಮೂರಿನ ಅರ್ಧ ಮಕ್ಕಳು ಪಿಯುಗೆ ನಮ್ಮೂರಿನ ಹಾಸ್ಟೆಲ್‌ನಲ್ಲಿರೋದು. ಖಾಸಗಿ ಕೋಟಾಕ್ಕೂ ನೀಟ್ ರ‍್ಯಾಂಕ್ ಬೇಕು ಮೇಷ್ಟ್ರೇ, ಸುಮ್ನೆ ಕೊಡಲ್ಲ.

ನಿವೃತ್ತ ಮೇಷ್ಟ್ರು, ಚಿತ್ರದುರ್ಗ:
1997ರವರೆಗೆ ನೀವೆಲ್ಲಾ ನಮ್ಮ ಜಿಲ್ಲೆಯವರೇ. ಕೆಲಸ ಇದ್ದರೆ ದುರ್ಗಕ್ಕೇ ಬರಬೇಕಿತ್ತು.

ಅಡಿಕೆ ತೋಟ, ಚನ್ನಗಿರಿ:
ಎಲ್ಲಾ ಅನ್ನಬೇಡಿ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದದ್ದು. ನಿಮ್ಮ ಜಿಲ್ಲೆಯಲ್ಲಿ ನಾವು ಯಾವತ್ತೂ ಇರಲಿಲ್ಲ, ದೇವರು ದೊಡ್ಡವನು.

ಹರಪನಹಳ್ಳಿ:
ಜಿಲ್ಲೆ ವಿಷಯ ನಮ್ಮನ್ನು ಕೇಳಿ. ಬಳ್ಳಾರಿಯಲ್ಲಿದ್ದೆವು, 1997ರಲ್ಲಿ ದಾವಣಗೆರೆಗೆ ಹಾಕಿದರು, 2018ರಲ್ಲಿ ವಾಪಸ್ ಬಳ್ಳಾರಿ, 2021ರಲ್ಲಿ ವಿಜಯನಗರ. ಮಗಳ ಆಧಾರ್‌ನಲ್ಲಿ ದಾವಣಗೆರೆ, ಟಿಸಿಯಲ್ಲಿ ಬಳ್ಳಾರಿ, ಇನ್‌ಕಮ್ ಸರ್ಟಿಫಿಕೇಟ್‌ನಲ್ಲಿ ವಿಜಯನಗರ. ಸರ್ಕಾರಿ ಹಾಸ್ಟೆಲ್ ಸಿಗದವರಿಗೆ ಊಟ, ವಸತಿಗೆ ಕೊಡುವ ವಿದ್ಯಾಸಿರಿಗೆ ಹಾಕಿದ್ದೆವು, ತಿಂಗಳಿಗೆ 1,500ರಂತೆ ಹತ್ತು ತಿಂಗಳಿಗೆ 15,000. ವಿಳಾಸ ತಾಳೆ ಆಗಲ್ಲ ಅಂತ ನಿಂತಿತು. ಕೌಂಟರ್‌ನಲ್ಲಿ ಕೂತವರು ನನ್ನನ್ನೇ ಕೇಳಿದರು, ನಿಮ್ಮದು ಯಾವ ಜಿಲ್ಲೆ ಅಂತ. ಯಾವುದು ಹೇಳಿದರೆ ದುಡ್ಡು ಬರುತ್ತೋ ಅದೇ ಬರಕೊಳ್ಳಿ ಅಂದೆ. ಆಧಾರ್ ತಿದ್ದಿಸಿಕೊಂಡು ಬನ್ನಿ ಅಂದರು.