ಬ್ರಿಟನ್ನಿನ ಸಂಸತ್ತು ಒಂದು ತೀರ್ಮಾನಕ್ಕೆ ಏಕೆ ಬರುತ್ತಿಲ್ಲ?

ಪ್ರಶ್ನೆ: ಕಡಿಯಾಳಿ, ಉಡುಪಿ. 4 ಏಪ್ರಿಲ್ 2019

ನಾನು ನಿವೃತ್ತ ಅಧ್ಯಾಪಕ. ಮೂರು ದಶಕ ಪೌರನೀತಿ ಕಲಿಸಿದ್ದೇನೆ. ನಮ್ಮ ಸಂಸದೀಯ ಪದ್ಧತಿ ಎಲ್ಲಿಂದ ಬಂತು ಎಂದು ಮಕ್ಕಳು ಕೇಳಿದಾಗಲೆಲ್ಲ ಬ್ರಿಟನ್ನಿನ ಸಂಸತ್ತಾದ ವೆಸ್ಟ್‌ಮಿನ್‌ಸ್ಟರ್‌ನ ಹೆಸರನ್ನು ಗೌರವದಿಂದಲೇ ಹೇಳಿದ್ದೇನೆ. ಆದ್ದರಿಂದಲೇ ಈ ಜನವರಿಯಿಂದ ಬ್ರೆಕ್ಸಿಟ್ (ಐರೋಪ್ಯ ಒಕ್ಕೂಟದಿಂದ ಬ್ರಿಟನ್ ಹೊರಬರುವುದು) ವಿಷಯದಲ್ಲಿ ಅಲ್ಲಿ ನಡೆಯುತ್ತಿರುವುದನ್ನು ಕಂಡು ಮನಸ್ಸು ಮುದುಡಿದೆ.

2016ರ ಜೂನ್ 23ರ ಜನಮತಗಣನೆಯಲ್ಲಿ ಸುಮಾರು 1 ಕೋಟಿ 74 ಲಕ್ಷ ಮಂದಿ ಐರೋಪ್ಯ ಒಕ್ಕೂಟವನ್ನು ಬಿಡಬೇಕೆಂದರು, 1 ಕೋಟಿ 61 ಲಕ್ಷ ಮಂದಿ ಉಳಿಯಬೇಕೆಂದರು. ಅಂತರ ಚಿಕ್ಕದಿರಬಹುದು, ತೀರ್ಪು ತೀರ್ಪೇ. ಬಿಡುವುದಕ್ಕೆ ಗೊತ್ತುಪಡಿಸಿದ ದಿನ 2019ರ ಮಾರ್ಚ್ 29. ಆ ದಿನವೂ ಬಂದು ಹೋಯಿತು. ಪ್ರಧಾನಿ ತೆರೇಸಾ ಮೇ ಒಕ್ಕೂಟದೊಡನೆ ಮಾಡಿಕೊಂಡು ತಂದ ನಿರ್ಗಮನ ಒಪ್ಪಂದವನ್ನು ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್ ಜನವರಿ 15ರಂದು 432–202ರಿಂದ, ಮಾರ್ಚ್ 12ರಂದು 391–242ರಿಂದ, ಹೊರಡಬೇಕಿದ್ದ ಮಾರ್ಚ್ 29ರಂದೇ 344–286ರಿಂದ ತಳ್ಳಿಹಾಕಿತು. ಇದು ಬೇಡವಾದರೆ ಮತ್ತೇನು ಬೇಕು ಎಂದು ಸದಸ್ಯರನ್ನೇ ಕೇಳಿದಾಗ, ಮಾರ್ಚ್ 27ರಂದು ಮುಂದಿಟ್ಟ ಎಂಟು ದಾರಿಗಳಲ್ಲಿ ಒಂದಕ್ಕೂ, ಏಪ್ರಿಲ್ 1ರಂದು ಮುಂದಿಟ್ಟ ನಾಲ್ಕರಲ್ಲಿ ಒಂದಕ್ಕೂ ಬಹುಮತ ಸಿಗಲಿಲ್ಲ. ಇನ್ನೊಂದು ಸುತ್ತು ಕೇಳಿ ನೋಡೋಣವೇ ಎಂಬ ಪ್ರಶ್ನೆಗೆ ನಿನ್ನೆ 310–310 ಮತಗಳು ಬಿದ್ದವು. 1993ರ ನಂತರ ಅಲ್ಲಿ ಹೀಗೆ ಮತಗಳು ಸಮಸಮವಾದದ್ದು ಇದೇ ಮೊದಲು. ಸ್ಪೀಕರ್ ಜಾನ್ ಬರ್ಕೋ ಸಂಪ್ರದಾಯದಂತೆ ತಮ್ಮ ಮತವನ್ನು ಪ್ರಸ್ತಾವದ ವಿರುದ್ಧ ಹಾಕಿದರು.

ಅಲ್ಲಿನ ಜನ ರೋಸಿಹೋಗಿದ್ದಾರೆ. ಬಿಡಬೇಕೆಂದವರು ಸಂಸತ್ತಿನ ಎದುರು ನಿಂತು ದ್ರೋಹವಾಯಿತೆಂದು ಕೂಗುತ್ತಿದ್ದಾರೆ. ಉಳಿಯಬೇಕೆಂದವರು ಮಾರ್ಚ್ 23ರಂದು ಲಂಡನ್ನಿನ ಬೀದಿಗಳನ್ನು ತುಂಬಿದರು, ಒಕ್ಕೂಟಕ್ಕೆ ಕೊಟ್ಟ ಹೊರಹೋಗುವ ಸೂಚನೆಯನ್ನೇ ಹಿಂಪಡೆಯಿರಿ ಎಂಬ ಮನವಿಗೆ 60 ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಬೇರೆ ಯಾವುದರಲ್ಲೂ ಒಂದಾಗದ ಈ ಎರಡು ಗುಂಪುಗಳು ಸಂಸತ್ತಿನ ಮೇಲಿನ ಸಿಟ್ಟಿನಲ್ಲಿ ಮಾತ್ರ ಒಂದಾಗಿವೆ. ಈ ಸಿಟ್ಟು ನ್ಯಾಯವೇ? ತಪ್ಪು ಅಲ್ಲಿ ಕುಳಿತ 650 ಮಂದಿಯದೋ, ಪದ್ಧತಿಯದೋ ಅಥವಾ ಜನರಿಗೆ ಹಾಕಿದ ಪ್ರಶ್ನೆಯದೋ? ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1: ಕೊಡಿಯಾಲ್‌ಬೈಲ್, ಮಂಗಳೂರು. 5 ಏಪ್ರಿಲ್ 2019

ಗುರುಗಳೇ, ನಾನು ವಕೀಲ. ವೃತ್ತಿಯ ಅಭ್ಯಾಸದಿಂದ, ಮೊದಲು ಪ್ರಶ್ನೆ ಏನಿತ್ತು ಎಂದು ನೋಡುತ್ತೇನೆ. ಮತಪತ್ರದಲ್ಲಿ ಇದ್ದದ್ದು ಎರಡೇ ಆಯ್ಕೆ: ಸದಸ್ಯರಾಗಿ ಉಳಿಯಬೇಕು ಅಥವಾ ಬಿಡಬೇಕು. ‘ಉಳಿಯಬೇಕು’ ಎಂಬುದಕ್ಕೆ ಅರ್ಥ ಒಂದೇ, ಏಕೆಂದರೆ ಅದು ಆಗ ಇದ್ದ ಸ್ಥಿತಿ. ‘ಬಿಡಬೇಕು’ ಎಂಬುದಕ್ಕೆ ಕನಿಷ್ಠ ನಾಲ್ಕು ಅರ್ಥಗಳಿದ್ದವು. ನಾರ್ವೆಯಂತೆ ಒಕ್ಕೂಟದ ಹೊರಗಿದ್ದೂ ಅದರ ಮಾರುಕಟ್ಟೆಯಲ್ಲಿ ಇರಬಹುದು. ಟರ್ಕಿಯಂತೆ ಸುಂಕದ ಮಟ್ಟಿಗೆ ಮಾತ್ರ ಜೊತೆಗಿರಬಹುದು. ಕೆನಡಾದಂತೆ ವ್ಯಾಪಾರ ಒಪ್ಪಂದ ಮಾಡಿಕೊಂಡು ದೂರ ನಿಲ್ಲಬಹುದು. ಯಾವ ಒಪ್ಪಂದವೂ ಇಲ್ಲದೆ ಬಾಗಿಲು ಎಳೆದುಕೊಂಡು ಹೊರಡಬಹುದು. ಮನೆ ಬಿಡುತ್ತೀರಾ ಎಂದು ಕೇಳಿದರು, ಯಾವ ಮನೆಗೆ ಹೋಗುತ್ತೀರಿ ಎಂದು ಕೇಳಲಿಲ್ಲ. ನಾಲ್ಕು ಬೇರೆ ಬೇರೆ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡವರು ಒಂದೇ ಪೆಟ್ಟಿಗೆಗೆ ಮತ ಹಾಕಿದರು. ಸಂಸತ್ತು ಈಗ ಆ ಪೆಟ್ಟಿಗೆಯನ್ನು ತೆರೆದು ನೋಡುತ್ತಿದೆ.

ಇದಕ್ಕಿಂತ ದೊಡ್ಡ ತೊಡಕು ಐರ್ಲೆಂಡಿನ ಗಡಿ. ನಮ್ಮಲ್ಲಿ ಅನೇಕರು ಇದನ್ನು ಯಾವುದೋ ತಾಂತ್ರಿಕ ಸಂಗತಿಯೆಂದು ದಾಟಿಹೋಗುತ್ತಾರೆ. ನಮ್ಮೂರಿನವರಿಗೆ ಇದನ್ನು ತಿಳಿಯಲು ಕರ್ನಾಟಕ–ಕೇರಳ ಗಡಿಯ ತಲಪಾಡಿ ಸಾಕು. 2017ರ ಜುಲೈ 1ರಂದು ಜಿಎಸ್‌ಟಿ ಬರುವವರೆಗೆ ಅಲ್ಲಿ ತೆರಿಗೆಯ ಕಾಗದಪತ್ರಕ್ಕಾಗಿ ಲಾರಿಗಳು ಸಾಲುಗಟ್ಟಿ ನಿಲ್ಲುತ್ತಿದ್ದುದನ್ನು ನಾವೆಲ್ಲ ನೋಡಿದ್ದೇವೆ. ಎರಡೂ ಕಡೆ ಒಂದೇ ತೆರಿಗೆ ಪದ್ಧತಿ ಬಂದ ಮೇಲೆ ವಾಣಿಜ್ಯ ತೆರಿಗೆಯ ತಪಾಸಣೆಗೆ ಅಲ್ಲಿ ಕೆಲಸವೇ ಉಳಿಯಲಿಲ್ಲ. ನಾಳೆ ಯಾವುದೋ ಕಾರಣಕ್ಕೆ ಒಂದು ಕಡೆಯವರು ಆ ಪದ್ಧತಿಯಿಂದ ಹೊರಬಂದರೆ ತಪಾಸಣೆ ಮರಳಿ ಬರಲೇಬೇಕು. ಯಾರ ದ್ವೇಷದಿಂದಲೂ ಅಲ್ಲ, ಲೆಕ್ಕ ಬೇರೆಯಾದದ್ದರಿಂದ. ಆಗ ಕಾಲೇಜಿಗೆ, ಆಸ್ಪತ್ರೆಗೆ, ನೆಂಟರ ಮನೆಯ ಮದುವೆಗೆ ಅಂಗಳ ದಾಟಿದಷ್ಟು ಸಹಜವಾಗಿ ಮಂಗಳೂರಿಗೆ ಬರುವ ಮಂಜೇಶ್ವರದವರ ಗತಿಯನ್ನು ಊಹಿಸಿ.

ಬ್ರಿಟನ್ನಿಗೆ ಸೇರಿದ ಉತ್ತರ ಐರ್ಲೆಂಡಿಗೂ ಒಕ್ಕೂಟದಲ್ಲೇ ಉಳಿಯುವ ಐರ್ಲೆಂಡ್ ಗಣರಾಜ್ಯಕ್ಕೂ ನಡುವೆ ಇರುವುದು ಸುಮಾರು 500 ಕಿಲೋಮೀಟರ್ ಗಡಿ, ಅದನ್ನು ದಾಟುವ 200ಕ್ಕೂ ಹೆಚ್ಚು ರಸ್ತೆಗಳು. ತಲಪಾಡಿಯಲ್ಲಿ ಲಾರಿಗಳು ಮಾತ್ರ ಕಾದವು. ಅಲ್ಲಿ, ಉತ್ತರ ಐರ್ಲೆಂಡ್ ಯಾರಿಗೆ ಸೇರಬೇಕೆಂಬ ಮೂರು ದಶಕಗಳ ಹಿಂಸೆಯಲ್ಲಿ 3,500ಕ್ಕೂ ಹೆಚ್ಚು ಜನ ಸತ್ತರು. 1998ರ ಏಪ್ರಿಲ್ 10ರ ಗುಡ್ ಫ್ರೈಡೇ ಶಾಂತಿ ಒಪ್ಪಂದದ ನಂತರ ಸೈನಿಕರ ಕಾವಲು ಗೋಪುರಗಳು ಹೋದವು, ರಸ್ತೆಗಳು ತೆರೆದವು. ಬ್ರಿಟನ್ ಈಗ ಮೂರು ಮಾತು ಕೊಟ್ಟಿದೆ: ಒಕ್ಕೂಟದ ಸುಂಕ ವ್ಯವಸ್ಥೆಯಿಂದ ಹೊರಬರುತ್ತೇವೆ, ಐರ್ಲೆಂಡ್ ದ್ವೀಪದೊಳಗೆ ಗಡಿ ಎಬ್ಬಿಸುವುದಿಲ್ಲ, ಉತ್ತರ ಐರ್ಲೆಂಡಿಗೂ ಉಳಿದ ಬ್ರಿಟನ್ನಿಗೂ ನಡುವೆ ಸಮುದ್ರದಲ್ಲೂ ಗಡಿ ಹಾಕುವುದಿಲ್ಲ. ಇವುಗಳಲ್ಲಿ ಯಾವ ಎರಡನ್ನಾದರೂ ಉಳಿಸಿಕೊಳ್ಳಬಹುದು, ಮೂರನ್ನೂ ಒಟ್ಟಿಗೆ ಉಳಿಸಿಕೊಳ್ಳಲಾಗದು. ಬೇರೆ ಪರಿಹಾರ ಸಿಗುವವರೆಗೆ ಇಡೀ ಬ್ರಿಟನ್ ಒಕ್ಕೂಟದ ಸುಂಕ ವ್ಯವಸ್ಥೆಯಲ್ಲೇ ಇರಲಿ ಎಂದು ಮೇ ಅವರ ಒಪ್ಪಂದದಲ್ಲಿದ್ದ ಏರ್ಪಾಡೇ ಬ್ಯಾಕ್‌ಸ್ಟಾಪ್. ಅದರಿಂದ ಎಂದೂ ಬಿಡುಗಡೆಯಿಲ್ಲ ಎಂದು ಮೇ ಅವರ ಪಕ್ಷದವರೇ ಹೆದರಿದರು. ಅದರಲ್ಲಿ ಉತ್ತರ ಐರ್ಲೆಂಡಿಗೆ ಮಾತ್ರ ಅನ್ವಯಿಸುವ ಕೆಲವು ನಿಯಮಗಳಿವೆಯೆಂದು, ಬ್ರಿಟನ್ನಿನ ಜೊತೆಗೇ ಇರಬೇಕೆನ್ನುವ ಉತ್ತರ ಐರ್ಲೆಂಡಿನ ಡಿಯುಪಿ ಪಕ್ಷ ಸಿಡಿದೆದ್ದಿತು. 2017ರ ಚುನಾವಣೆಯಲ್ಲಿ ಬಹುಮತ ಕಳೆದುಕೊಂಡ ಮೇ ಅವರ ಸರಕಾರ ನಿಂತಿರುವುದೇ ಆ ಪಕ್ಷದ 10 ಸದಸ್ಯರ ಬೆಂಬಲದ ಮೇಲೆ.

ಹಾಗಾಗಿ ಜನರ ಸಿಟ್ಟನ್ನು ನಾನು ಅರ್ಥಮಾಡಿಕೊಳ್ಳುತ್ತೇನೆ, ಆದರೆ ಅದರ ಗುರಿ ತಪ್ಪಿದೆ ಎನ್ನುತ್ತೇನೆ. ಜನರೇ ಕೊಡದ ಉತ್ತರವನ್ನು ಅವರ ಪ್ರತಿನಿಧಿಗಳು ಎಲ್ಲಿಂದ ತರಬೇಕು?

ಉತ್ತರ 2: ಮಣಿಪಾಲ. 6 ಏಪ್ರಿಲ್ 2019

ಮೇಲಿನ ಉತ್ತರದ ಗಡಿಯ ವಿವರಣೆಯನ್ನು ಒಪ್ಪುತ್ತೇನೆ, ತೀರ್ಮಾನವನ್ನು ಒಪ್ಪುವುದಿಲ್ಲ. ನಾನು ರಾಜ್ಯಶಾಸ್ತ್ರದ ವಿದ್ಯಾರ್ಥಿನಿ. ಈ ಸದಸ್ಯರನ್ನು ಇಷ್ಟು ಸುಲಭವಾಗಿ ಬಿಟ್ಟುಬಿಡಬಾರದು ಎಂಬುದು ನನ್ನ ವಾದ.

ಪ್ರಶ್ನೆಯಲ್ಲಿ ಅಸ್ಪಷ್ಟತೆ ಇತ್ತು ಎನ್ನೋಣ. ಅದನ್ನು ಬಿಡಿಸಲು ಸಮಯ ಇತ್ತಲ್ಲ? ಸರಕಾರ ತಾನಾಗಿಯೇ ಹೊರಹೋಗುವ ಸೂಚನೆ ಕೊಡುವಂತಿಲ್ಲ, ಸಂಸತ್ತಿನ ಕಾಯ್ದೆ ಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ 8–3ರ ಬಹುಮತದಿಂದ ಹೇಳಿತು. ಬೀಗದ ಕೈ ಸಂಸತ್ತಿನ ಕೈಗೆ ಬಂದ ಗಳಿಗೆ ಅದು. ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಮೊದಲು ಹೇಳಿ, ಆಮೇಲೆ ಅನುಮತಿ ಕೊಡುತ್ತೇವೆ ಎಂದು ಸದಸ್ಯರು ಪಟ್ಟು ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಆ ಮಸೂದೆಯ ಎರಡನೆಯ ವಾಚನದಲ್ಲಿ, ಅಂದರೆ ಅದನ್ನು ತತ್ತ್ವಶಃ ಒಪ್ಪುವ ಹಂತದಲ್ಲಿ, ಫೆಬ್ರವರಿ 1ರಂದು 498 ಮಂದಿ ಪರವಾಗಿ, 114 ಮಂದಿ ವಿರುದ್ಧವಾಗಿ ಮತ ಹಾಕಿದರು. ಮಾರ್ಚ್ 29ರಂದು ಸೂಚನೆ ಹೋಯಿತು, ಎರಡು ವರ್ಷದ ಗಡಿಯಾರ ಓಡತೊಡಗಿತು. ಗಡಿಯಾರಕ್ಕೆ ಕೀಲಿ ಕೊಟ್ಟ ಕೆಲವೇ ವಾರಗಳಲ್ಲಿ ಪ್ರಧಾನಿ ಚುನಾವಣೆ ಘೋಷಿಸಿ ಇದ್ದ ಬಹುಮತವನ್ನೂ ಕಳೆದುಕೊಂಡರು. ಒಪ್ಪಂದದ ಕರಡು ಹೊರಬಂದದ್ದು 2018ರ ನವೆಂಬರಿನಲ್ಲಿ. ಅಷ್ಟರಲ್ಲಿ ಕಾಲದ ಮುಕ್ಕಾಲು ಪಾಲು ಕರಗಿಹೋಗಿತ್ತು.

ಯಾವ ದಾರಿಗೆ ಬೆಂಬಲವಿದೆ ಎಂದು ತಿಳಿಯಲು ಈಗ ನಡೆಸಿದ ಸೂಚಕ ಮತದಾನವನ್ನೇ ನೋಡಿ. ಸುಂಕ ಒಕ್ಕೂಟದ ಪ್ರಸ್ತಾವ ಏಪ್ರಿಲ್ 1ರಂದು 273–276ರಲ್ಲಿ, ಅಂದರೆ ಮೂರೇ ಮತಗಳಿಂದ ಸೋತಿತು. ಎರಡನೆಯ ಜನಮತಗಣನೆಯ ಪ್ರಸ್ತಾವ 280–292ರಲ್ಲಿ ಸೋತಿತು. ತಮ್ಮ ಮೊದಲ ಇಷ್ಟಕ್ಕೆ ಮಾತ್ರ ಕೈ ಎತ್ತಿ, ಸಹಿಸಿಕೊಳ್ಳಬಹುದಾದ ಎರಡನೆಯದಕ್ಕೆ ಬೆನ್ನು ತಿರುಗಿಸಿದವರು ಸದನದ ಎಲ್ಲ ಮೂಲೆಗಳಲ್ಲೂ ಇದ್ದರು. ಅದೇ ರಾತ್ರಿ ನಿಕ್ ಬೋಲ್ಸ್ ಎಂಬ ಕನ್ಸರ್ವೇಟಿವ್ ಸದಸ್ಯರು, ತಮ್ಮ ಪಕ್ಷ ರಾಜಿಗೆ ಒಪ್ಪುತ್ತಿಲ್ಲ ಎಂದು ಸದನದಲ್ಲೇ ಹೇಳಿ ಪಕ್ಷ ಬಿಟ್ಟು ಎದ್ದು ಹೋದದ್ದನ್ನು ನೋಡುವಾಗ ನನ್ನ ಕಣ್ಣು ತುಂಬಿತು. ಜನರು ಕೇಳುತ್ತಿರುವುದು ಪವಾಡವನ್ನಲ್ಲ, ಆ ಮೂರು ಮತಗಳನ್ನು. ಅದನ್ನೂ ಕೊಡಲಾಗದ ಸದನದ ಮೇಲೆ ಸಿಟ್ಟಾಗುವುದು ಪ್ರಜೆಯ ಹಕ್ಕು.

ಉತ್ತರ 3: ಬಿಜೈ, ಮಂಗಳೂರು. 7 ಏಪ್ರಿಲ್ 2019

ನಾನು ತಜ್ಞೆಯಲ್ಲ. ನನ್ನ ತಂಗಿಯನ್ನು ಗೋವಾಕ್ಕೆ ಮದುವೆ ಮಾಡಿ ಕೊಟ್ಟಿದ್ದೇವೆ. ಗೋವಾ 1961ರ ಡಿಸೆಂಬರಿನವರೆಗೆ ಪೋರ್ಚುಗೀಸರ ಕೈಯಲ್ಲಿದ್ದುದರಿಂದ ಅದಕ್ಕಿಂತ ಮುಂಚೆ ಅಲ್ಲಿ ಹುಟ್ಟಿದವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಪೋರ್ಚುಗಲ್ಲಿನ ಪೌರತ್ವ ಪಡೆಯುವ ಅವಕಾಶವಿದೆ. ನನ್ನ ಭಾವ ಆ ಪಾಸ್‌ಪೋರ್ಟ್ ಹಿಡಿದು ಇಂಗ್ಲೆಂಡಿನ ಸ್ವಿಂಡನ್‌ಗೆ ಹೋದವರು. ಆ ಊರಿನಲ್ಲಿ ಗೋವಾದವರು ಬಹಳ ಮಂದಿ ಇದ್ದಾರೆ, ಭಾನುವಾರದ ಪೂಜೆಯ ನಂತರ ಇಗರ್ಜಿಯ ಹೊರಗೆ ಕೊಂಕಣಿ ಕೇಳುತ್ತದೆ ಎಂದು ತಂಗಿ ಹೇಳುತ್ತಾಳೆ. ಕಾನೂನಿನ ಕಣ್ಣಿಗೆ ಅವರು ಐರೋಪ್ಯ ಒಕ್ಕೂಟದ ಪ್ರಜೆಗಳು. ಆ ಊರಿನ ಬಹುಮತ ಬಿಡಬೇಕೆಂಬ ಕಡೆಗೆ ಬಿತ್ತು. ಜನಮತಗಣನೆಯಲ್ಲಿ ಇವರಿಗೆ ಮತವೇ ಇರಲಿಲ್ಲ.

ಅಲ್ಲೇ ನೆಲೆಸುವ ಹಕ್ಕಿಗಾಗಿ ಅರ್ಜಿ ಹಾಕುವ ವ್ಯವಸ್ಥೆ ಮಾರ್ಚ್ 30ರಿಂದ ಪೂರ್ತಿಯಾಗಿ ತೆರೆದಿದೆ. ಮೊದಲು ಹೇಳಿದ್ದ 65 ಪೌಂಡ್ ಶುಲ್ಕವನ್ನೂ ಕೈಬಿಟ್ಟಿದ್ದಾರೆ. ಆದರೆ ಒಪ್ಪಂದವಿಲ್ಲದೆ ಹೊರಬಂದರೆ ಯಾವ ದಿನಾಂಕ, ಒಪ್ಪಂದವಾದರೆ ಯಾವ ದಿನಾಂಕ ಎಂದು ಪ್ರತಿ ವಾರವೂ ಬೇರೆ ಬೇರೆ ಮಾತು. ಫೆಬ್ರವರಿಯಲ್ಲಿ ಹೋಂಡಾ ಕಂಪೆನಿ ಆ ಊರಿನ ಕಾರ್ಖಾನೆಯನ್ನು 2021ರಲ್ಲಿ ಮುಚ್ಚುವುದಾಗಿ ಹೇಳಿತು. ಕಾರಣ ಬ್ರೆಕ್ಸಿಟ್ ಅಲ್ಲ ಎಂದು ಕಂಪೆನಿ ಸ್ಪಷ್ಟಪಡಿಸಿದೆ, ಆದರೂ 3,500 ಕೆಲಸಗಳು ಹೋಗುವ ಊರಿನಲ್ಲಿ ಯಾರಿಗೆ ಧೈರ್ಯ ಇರುತ್ತದೆ? ನೀವು ಇಬ್ಬರೂ ಸಿಟ್ಟು ನ್ಯಾಯವೇ ಎಂದು ಚರ್ಚಿಸುತ್ತಿದ್ದೀರಿ. ನನ್ನ ತಂಗಿಗೆ ಸಿಟ್ಟಿಲ್ಲ, ದಣಿವಿದೆ. ಬಿಡಿ ಅಥವಾ ಇರಿ, ಯಾವುದಾದರೂ ಒಂದನ್ನು ಹೇಳಿ, ಮಗುವನ್ನು ಯಾವ ಶಾಲೆಗೆ ಸೇರಿಸಬೇಕೆಂದು ನಾವು ತೀರ್ಮಾನಿಸುತ್ತೇವೆ ಎಂಬುದಷ್ಟೇ ಅವಳ ಮಾತು.

ಉತ್ತರ 1ರ ಬರೆಹಗಾರರಿಂದ: 8 ಏಪ್ರಿಲ್ 2019

ಬಿಜೈಯ ಸಹೋದರಿಯ ಮಾತಿನ ಮುಂದೆ ನನ್ನ ತರ್ಕ ಸ್ವಲ್ಪ ತಣ್ಣಗಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಮಣಿಪಾಲದವರು 2017ರ ಫೆಬ್ರವರಿಯ ಬಗ್ಗೆ ಹೇಳಿದ್ದೂ ಸರಿಯೇ. ಆ ದಿನ ಸದನ ತನ್ನ ಹೊಣೆಯನ್ನು ನಿರ್ವಹಿಸಲಿಲ್ಲ.

ಒಂದು ವ್ಯತ್ಯಾಸವನ್ನು ಮಾತ್ರ ಗಮನಕ್ಕೆ ತರುತ್ತೇನೆ. ಜನವರಿ 15ರಂದು ಪ್ರಧಾನಿಯ ವಿರುದ್ಧ ಮತ ಹಾಕಿದವರಲ್ಲಿ 118 ಮಂದಿ ಅವರದೇ ಪಕ್ಷದವರು. ನಮ್ಮಲ್ಲಿ 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೆಯ ಅನುಸೂಚಿಯ ಪ್ರಕಾರ ಪಕ್ಷದ ಆದೇಶವಾದ ವಿಪ್ ಮೀರಿದ ಸದಸ್ಯರು ಸ್ಥಾನವನ್ನೇ ಕಳೆದುಕೊಳ್ಳಬಹುದು. ಹಾಗಾಗಿ ಇಂಥ ದೃಶ್ಯ ನಮ್ಮ ಲೋಕಸಭೆಯಲ್ಲಿ ಕಾಣುವುದು ಬಹಳ ಕಷ್ಟ. ಅಲ್ಲಿ ಆ ಕಾನೂನಿಲ್ಲ. ಸರಕಾರದ ಒಪ್ಪಂದವನ್ನು ಸೋಲಿಸಿದ ಅದೇ ಸದನ ಮರುದಿನವೇ ಸರಕಾರದ ಮೇಲಿನ ಅವಿಶ್ವಾಸ ನಿರ್ಣಯವನ್ನೂ 306–325ರಲ್ಲಿ ಸೋಲಿಸಿತು. ನಿನ್ನ ಒಪ್ಪಂದ ಬೇಡ, ಆದರೆ ನೀನು ಇರು ಎಂದಂತೆ. ಬಿಕ್ಕಟ್ಟು ಇಷ್ಟು ಉದ್ದವಾಗಲು ಇದೂ ಕಾರಣ. ಸದಸ್ಯರು ಮನಸ್ಸಾಕ್ಷಿಯಂತೆ ಮತ ಹಾಕಬೇಕೆಂದು ನಾವು ಬಯಸುವುದಾದರೆ, ಅದರ ಬೆಲೆ ಹೀಗೂ ಇರುತ್ತದೆ ಎಂದು ಒಪ್ಪಬೇಕಾಗುತ್ತದೆ.

ಪ್ರಶ್ನೆ ಕೇಳಿದವರಿಂದ: 12 ಏಪ್ರಿಲ್ 2019

ಎಲ್ಲರಿಗೂ ಕೃತಜ್ಞತೆಗಳು. ತಲಪಾಡಿಯ ಹೋಲಿಕೆಯನ್ನು ಮೊದಲೇ ಯಾರಾದರೂ ಹೇಳಿದ್ದರೆ ನಾನು ಅರ್ಧ ವರ್ಷದ ಗೊಂದಲದಿಂದ ಪಾರಾಗುತ್ತಿದ್ದೆ.

ನಿನ್ನೆಯ ಸುದ್ದಿ ನೋಡಿರಬಹುದು. ಗಡುವು ಅಕ್ಟೋಬರ್ 31ಕ್ಕೆ ಹೋಗಿದೆ. ಬಿಡಬೇಕೆಂದು ಮೂರು ವರ್ಷದ ಹಿಂದೆ ಹೇಳಿದ ಜನರು ಮೇ 23ರಂದು ಐರೋಪ್ಯ ಸಂಸತ್ತಿಗೆ ಪ್ರತಿನಿಧಿಗಳನ್ನು ಆರಿಸಲು ಮತಗಟ್ಟೆಗೆ ಹೋಗಬೇಕಾಗಿ ಬರಬಹುದು. ಇಲ್ಲಿ ಇದೇ 18ರಂದು ಲೋಕಸಭೆಗೆ ನಾವೂ ಮತ ಹಾಕುತ್ತೇವೆ. ಹಾಕಿದ ಮತ ಒಂದು ಕಡೆ ತಲುಪುತ್ತದೆ ಎಂಬ ನಂಬಿಕೆಯಿಂದಲೇ ನಾನು ಈ ವಯಸ್ಸಿನಲ್ಲೂ ಸಾಲಿನಲ್ಲಿ ನಿಲ್ಲುವುದು, ಆದ್ದರಿಂದ ಅಲ್ಲಿನ ಮತದಾರನ ಸಂಕಟ ನನಗೆ ಪರಕೀಯವಲ್ಲ.

ನನಗೆ ಉಳಿದಿರುವ ಪ್ರಶ್ನೆ ಒಂದೇ. ತೊಡಕು ಹುಟ್ಟಿದ್ದು ಪ್ರಶ್ನೆಯಿಂದಲೇ ಆದರೆ, ಅದನ್ನು ತಿದ್ದಿ, ಒಪ್ಪಂದದೊಡನೆ ಬಿಡುವುದು, ಒಪ್ಪಂದವಿಲ್ಲದೆ ಬಿಡುವುದು, ಉಳಿಯುವುದು ಎಂದು ಮೂರು ಆಯ್ಕೆಗಳನ್ನು ಬಿಡಿಸಿ ಬರೆದು ಜನರನ್ನೇ ಮತ್ತೆ ಕೇಳಬಾರದೇಕೆ?

ಉತ್ತರ 2ರ ಬರೆಹಗಾರರಿಂದ: 12 ಏಪ್ರಿಲ್ 2019

ಕೇಳಬಹುದು, ಗುರುಗಳೇ. ಆದರೆ ಮೂರು ಆಯ್ಕೆಗಳಿದ್ದರೆ ಬಿಡಬೇಕೆನ್ನುವವರ ಮತ ಎರಡಾಗಿ ಒಡೆದು, ಅರ್ಧಕ್ಕಿಂತ ಕಡಿಮೆ ಮತ ಪಡೆದ ‘ಉಳಿಯುವುದು’ ಗೆದ್ದುಬಿಡಬಹುದು. ಅದನ್ನು ಅವರು ಮೋಸವೆನ್ನುತ್ತಾರೆ. ಆದ್ದರಿಂದ ಮೊದಲ ಇಷ್ಟ, ಎರಡನೆಯ ಇಷ್ಟ ಎಂದು ಗುರುತಿಸುವ ಪದ್ಧತಿ ಬೇಕಾಗುತ್ತದೆ. ಆಗ ಎರಡನೆಯ ಇಷ್ಟದ ಮತಗಳನ್ನು ಎಣಿಸುವ ಕ್ರಮವನ್ನು ಕಾನೂನಿನಲ್ಲಿ ಬರೆಯಬೇಕು. ಆ ಕಾನೂನನ್ನು ಮಾಡಬೇಕಾದದ್ದು, ಎರಡನೆಯ ಜನಮತಗಣನೆಯೇ ಬೇಡವೆಂದು ಏಪ್ರಿಲ್ 1ರಂದು 292 ಮತ ಹಾಕಿದ ಅದೇ ಸದನ.