ಶಾಖೆ ತುಂಬ ಜನರಿದ್ದರೂ ಮಾತಿಗೆ ಒಬ್ಬರಿಲ್ಲ: ಏನು ಮಾಡಲಿ?

ಪ್ರಶ್ನೆ (ಬ್ಯಾಂಕ್ ಉದ್ಯೋಗಿ, ದಾವಣಗೆರೆ)

ಮಾನ್ಯರೇ, ನಾನು ಮಂಗಳೂರಿನ ಕಡೆಯವಳು. ಏಳು ತಿಂಗಳ ಹಿಂದೆ ದಾವಣಗೆರೆಯ ಒಂದು ಶಾಖೆಗೆ ವರ್ಗವಾಗಿ ಬಂದೆ. ಇಲ್ಲಿ ಯಾರೂ ನನ್ನೊಡನೆ ಕೆಟ್ಟದಾಗಿ ನಡೆದುಕೊಂಡಿಲ್ಲ. ಆದರೆ ಮಧ್ಯಾಹ್ನ ಎಲ್ಲರೂ ಒಳಕೋಣೆಯಲ್ಲಿ ಬುತ್ತಿ ಬಿಚ್ಚಿ, ಹತ್ತಾರು ವರ್ಷಗಳಿಂದ ತಮ್ಮೊಳಗೇ ಬೆಳೆದುಬಂದ ಮಾತುಗಳಲ್ಲಿ ಮುಳುಗಿದಾಗ, ನಾನು ಕೌಂಟರಿನಲ್ಲಿಯೇ ಕುಳಿತು ಮೊಬೈಲ್ ನೋಡುತ್ತ ಊಟ ಮುಗಿಸುತ್ತೇನೆ. ಬಂದ ಹೊಸದರಲ್ಲಿ "ಪೆನ್ನು ಉಂಟಾ?" ಎಂದು ಕೇಳಿದಾಗ ಪಕ್ಕದ ಮೇಜಿನವರು ನಕ್ಕರು. ಅಂದಿನಿಂದ ಮಾತು ಕಡಿಮೆ ಮಾಡಿದೆ. ಸಂಜೆ ಬಾಡಿಗೆ ಮನೆಯ ಬೀಗ ತೆಗೆಯುವಾಗ, ಆ ದಿನ ಗ್ರಾಹಕರಿಗೆ "ಇಲ್ಲಿ ಸಹಿ ಮಾಡಿ" ಎಂದದ್ದನ್ನು ಬಿಟ್ಟು ಬೇರೇನೂ ಆಡಿಲ್ಲವೆಂಬುದು ಅರಿವಾಗುತ್ತದೆ. ಮತ್ತೆ ವರ್ಗಾವಣೆ ಕೇಳಲೇ?

ಉತ್ತರ 1 (ನಿವೃತ್ತ ಸರ್ಕಾರಿ ನೌಕರ)

ತಂಗಿ, ಅವಸರ ಮಾಡಬೇಡಿ. 1997ರಲ್ಲಿ ದಾವಣಗೆರೆ ಹೊಸ ಜಿಲ್ಲೆಯಾದಾಗ ನಾನು ಚಿತ್ರದುರ್ಗದಿಂದ ಇಲ್ಲಿನ ಕಚೇರಿಗೆ ಬಂದೆ. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದಲೂ, ಹರಪನಹಳ್ಳಿ ಬಳ್ಳಾರಿಯಿಂದಲೂ ಬಂದು ಸೇರಿದ್ದರಿಂದ, ಯಾವ ಕಡತ ಯಾವ ಗಂಟಿನಲ್ಲಿದೆ ಎಂಬುದು ನಮ್ಮಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಎಲ್ಲರೂ ಎಲ್ಲರನ್ನೂ ಕೇಳಲೇಬೇಕಿತ್ತು. ಸ್ನೇಹ ಬೆಳೆದದ್ದು ಹಾಗೆ ಧೂಳಿನಲ್ಲಿ ಕೂಡಿ ಹುಡುಕುವಾಗ.

ಆದರೆ ನನ್ನನ್ನು ಇಂದಿಗೂ ಕಾಡುವುದು ಅನಂತರದ ಸಂಗತಿ. ಕೆಲವು ವರ್ಷಗಳ ಬಳಿಕ ಹೊಸಬನೊಬ್ಬ ಬಂದ. ನಾವು ಐದಾರು ಮಂದಿ ಒಟ್ಟಿಗೆ ರೊಟ್ಟಿ ಮುರಿಯುತ್ತಿದ್ದೆವು, ಅವನು ಕಿಟಕಿಯ ಬಳಿ ಒಬ್ಬನೇ ಉಣ್ಣುತ್ತಿದ್ದ. ಅವನಿಗೆ ಏಕಾಂತ ಇಷ್ಟವೆಂದು ನಾವೇ ತೀರ್ಮಾನಿಸಿದ್ದೆವು. ವರ್ಷದೊಳಗೆ ವರ್ಗ ಮಾಡಿಸಿಕೊಂಡು ಹೋದ. ನಿಮ್ಮ ಸಹೋದ್ಯೋಗಿಗಳೂ ಬಹುಶಃ ಹಾಗೆಯೇ ಭಾವಿಸಿದ್ದಾರೆ. ನಾಳೆ ಬುತ್ತಿಯನ್ನು ಒಳಗೆ ಒಯ್ಯಿರಿ; ಕೆಲಸದಲ್ಲಿ ಗೊತ್ತಿರುವುದನ್ನಾದರೂ ಒಮ್ಮೆ ಕೇಳಿ ನೋಡಿ.

ಉತ್ತರ 2 (ಆಪ್ತಸಮಾಲೋಚಕಿ, ಚಿತ್ರದುರ್ಗ)

ಹಿರಿಯರ ಮಾತಿಗೆ ಒಂದನ್ನು ಸೇರಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗವು 2025ರ ಜೂನ್‌ನಲ್ಲಿ ನೀಡಿದ ವರದಿಯಂತೆ ಜಗತ್ತಿನ 6 ಜನರಲ್ಲಿ ಒಬ್ಬರನ್ನು ಒಂಟಿತನ ಬಾಧಿಸುತ್ತಿದೆ. ಆದ್ದರಿಂದ ಇದನ್ನು ನಿಮ್ಮ ಸ್ವಭಾವದ ಕೊರತೆಯೆಂದು ಎಣಿಸಬೇಡಿ. ಮನೋವಿಜ್ಞಾನಿ ಜಾನ್ ಕ್ಯಾಸಿಯೊಪ್ಪೊ ಅವರ ಸಂಶೋಧನೆ ತೋರಿಸಿದಂತೆ, ಒಂಟಿತನ ಬಲಿತಷ್ಟೂ ಮನಸ್ಸು ಎದುರಿನವರ ಮುಖದಲ್ಲಿ ತಿರಸ್ಕಾರವನ್ನೇ ಹುಡುಕತೊಡಗುತ್ತದೆ. ಆ ನಗುವನ್ನು ಮತ್ತೊಮ್ಮೆ ನೆನಪಿಸಿಕೊಳ್ಳಿ: ಅದು ಅಪಹಾಸ್ಯವೇ ಆಗಿತ್ತೇ? ಇಡೀ ಶಾಖೆಯನ್ನು ಒಲಿಸಿಕೊಳ್ಳುವ ಅಗತ್ಯವಿಲ್ಲ, ಒಬ್ಬರು ಸಾಕು. ನಿದ್ರೆ, ಹಸಿವು ಕೆಟ್ಟಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿಯೇ ಮಾತನಾಡಬಹುದು.

ಉತ್ತರ 3 (ಹರಿಹರ)

ಕೆಲಸವಿರುವ ಶನಿವಾರ ಸಂಜೆ ಮಂಡಕ್ಕಿ-ಮೆಣಸಿನಕಾಯಿ ತರಿಸಿ. ನಮ್ಮ ಕಡೆ ಅದನ್ನು ಒಬ್ಬರೇ ತಿನ್ನಲು ಯಾರೂ ಬಿಡುವುದಿಲ್ಲ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದಗಳು. ಆ ದಿನವನ್ನು ಮತ್ತೆ ನೆನಪಿಸಿಕೊಂಡೆ. ನಕ್ಕವರೇ ಮರುಕ್ಷಣ "ಉಂಟು, ತಗೊಳ್ಳಿ" ಎಂದು ತಮ್ಮ ಪೆನ್ನನ್ನು ನನ್ನ ಮುಂದಿಟ್ಟಿದ್ದರು. ಅದು ಇನ್ನೂ ನನ್ನ ಮೇಜಿನ ಖಾನೆಯಲ್ಲಿದೆ. ಸೋಮವಾರ ಊಟದ ಹೊತ್ತಿಗೆ ಅದನ್ನು ಮರಳಿಸಲು ಒಳಕೋಣೆಗೆ ಹೋಗುತ್ತೇನೆ.